ಹತ್ತು ಎಂದರೆ ಹತ್ತೇ

ವಿಮಾನ ಹಾರುವಾಗ ನಡುದಾರಿಯಲ್ಲಿ ಎಲ್ಲೋ ಸಾಮಾನು ಕೆಳಗೆ ಒಗೆಯುತ್ತಾರೆ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿರಲಿಲ್ಲ. ಗದಗಿನ ಮುಳಗುಂದ ನಾಕಾದ ಹತ್ತಿರ ನಾನು ಕೆಲಸಕ್ಕಿರುವ ಟೈರ್ ಅಂಗಡಿಗೆ ಗಾಳಿ ಹಾಕಿಸಲು ಬಂದವರಿಗೆಲ್ಲ ಬಿಡಿಸಿ ಹೇಳಿದ್ದೆ. ನನಗೂ ಕಾರಣವಿತ್ತು. ನನ್ನ ದೊಡ್ಡಪ್ಪನ ಮಗಳು ಸ್ನೇಹಕ್ಕ ದೊಡ್ಡ ಜೆಟ್ ವಿಮಾನದ ಪೈಲಟ್ ಆಗಲು ಓದುತ್ತಿದ್ದಳು. ಅವಳ ಹಾಳೆಯ ಮೇಲೆ ಬರೆದಿತ್ತು: ಆ ವಿಮಾನ ನೆಲ ಬಿಡುವಾಗ ಎಪ್ಪತ್ತೊಂಬತ್ತು ಟನ್ ತೂಗಬಹುದು, ಇಳಿಯುವಾಗ ಮಾತ್ರ ಅರವತ್ತೇಳು ಚಿಲ್ಲರೆ ಟನ್ ಮೀರಬಾರದು. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಏರ್‌ಪೋರ್ಟಿನಲ್ಲಿ ಬ್ಯಾಗು ಸಿಗಲಿಲ್ಲವೆಂದು ಜನ ಗೋಳಾಡುವ ಸುದ್ದಿಯನ್ನು ಇದಕ್ಕೆ ತಾಳೆ ಹಾಕಿದೆ. ನಮ್ಮ ಕಡೆಯ ವಿಮಾನಗಳ ಬ್ಯಾಗುಗಳು ಕಪ್ಪತಗುಡ್ಡದಲ್ಲಿ ಬೀಳುತ್ತಿರಬೇಕು ಎಂದೂ ಸೇರಿಸಿದೆ. ಇಬ್ಬರು ಗಿರಾಕಿಗಳು ಹುಡುಕಲು ಹೋಗುವ ಮಾತಾಡಿದರು.

"ಲೇ ಮುತ್ತ್ಯಾ, ಎಣ್ಣಿ ಸುಡತೈತಲೋ," ಎಂದಳು ಸ್ನೇಹಕ್ಕ. "ನೀ ಬೈಕ್ ಮ್ಯಾಲೆ ಲಕ್ಷ್ಮೇಶ್ವರಕ್ಕ ಹೋಗಿ ಬಂದ್ರ ಟಾಕಿ ಖಾಲಿ ಆಗತೈತಿಲ್ಲೋ? ಪೆಟ್ರೋಲ್ ದಾರ್ಯಾಗ ಚೆಲ್ಲಿ ಬಂದಿರ್ತಿಯೇನು?"

ನನ್ನ ಬೈಕಿನ ಟಾಕಿ ಸೋರುತ್ತದೆ, ಚೆಲ್ಲಿದ್ದೂ ಉಂಟು. ಆದರೆ ಅದನ್ನು ಹೇಳುವ ಹೊತ್ತಲ್ಲವೆನಿಸಿತು.

"ಮತ್ತ ಅದು ಅರವತ್ತೇಳು ಚಿಲ್ಲರೆ ಅಲ್ಲ. ಅರವತ್ತೇಳು ಬಿಂದು ನಾಲ್ಕು. ಈ ಚಿಲ್ಲರೆ ಅನ್ನೋದರಿಂದನ ನಾ ಫೇಲ್ ಆಗಿ ಬಂದು ಕುಂತೀನಿ."

ಅದು ಖರೆ. ಸ್ನೇಹಕ್ಕನ ಕತೆ ತಿಳಿಯಬೇಕಾದರೆ ಮೊದಲು ನಮ್ಮ ಮನೆ ತಿಳಿಯಬೇಕು. ಬೆಟಗೇರಿಯ ನಮ್ಮ ಮನೆಯಲ್ಲಿ ಯಾರೂ ಒಂಟಿ ಅಂಕಿ ಆಡುವುದಿಲ್ಲ. ಎಲ್ಲ ಜೋಡಿಯಲ್ಲೇ. ಊಟಕ್ಕೆ ಎಷ್ಟು ಮಂದಿ ಎಂದರೆ ಏಳೆಂಟು. ಬಸ್ಸು ಎಷ್ಟಕ್ಕೆ ಎಂದರೆ ಒಂಬತ್ತು ಹತ್ತಕ್ಕೆ. ಸ್ನೇಹಕ್ಕನ ಅಪ್ಪ, ಅಂದರೆ ನನ್ನ ದೊಡ್ಡಪ್ಪ ಕೊಟ್ರಪ್ಪ, ಎಪಿಎಂಸಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. "ನಂಬರ್ ಮೊದಲ ಹೇಳಿದಾಂವ ಸೋತ" ಎಂಬುದು ಅವರ ಬಾಳಿನ ಸಾರ. ಅಂಗಡಿಯಲ್ಲಿ ಅದು ವ್ಯಾಪಾರ. ಮನೆಯಲ್ಲಿ ಅದೇ ಚಟವಾಗಿತ್ತು. ಸ್ನೇಹಕ್ಕನನ್ನು ಶಾಲೆಗೆ ಹಚ್ಚಲು ಕರೆದೊಯ್ದಾಗ ಹೆಡ್ ಬಾಯಾರು, ಅಂದರೆ ಮುಖ್ಯ ಶಿಕ್ಷಕಿ, ವಯಸ್ಸು ಕೇಳಿದರಂತೆ. ಹುಡುಗಿ, "ಐದಾರು ರೀ," ಎಂದಳು. ಐದೋ, ಆರೋ ಎಂದು ಬಾಯಾರು ಕೇಳಿದರೆ ದೊಡ್ಡಪ್ಪ ನಡುವೆ ಬಾಯಿ ಹಾಕಿ, "ಎರಡ್ರಾಗ ಯಾವುದು ಅನುಕೂಲ ಆಗತೈತಿ ಅದನ್ನ ಬರಕೋರಿ" ಎಂದರು.

ಹಾಗೆ ಬೆಳೆದವಳು ಶಾಲೆ, ಕಾಲೇಜು ಮುಗಿಸಿದಳು. ಮಹಾರಾಷ್ಟ್ರದ ಕಡೆ ಹೋಗಿ ಸಣ್ಣ ವಿಮಾನ ಹಾರಿಸುವುದನ್ನು ಕಲಿತಳು. ಸಣ್ಣ ವಿಮಾನದಲ್ಲಿ ಅವಳ ಕೈ ಒಳ್ಳೆಯದಿತ್ತು, ಬಾಯಿ ಯಾರೂ ನೋಡಲಿಲ್ಲ. ಕೊನೆಗೆ ಒಂದು ವಿಮಾನ ಕಂಪನಿ ಅವಳನ್ನು ದೊಡ್ಡ ಜೆಟ್ಟಿಗೆ ಆರಿಸಿಕೊಂಡಿತು. ಆದರೆ ದೊಡ್ಡ ಜೆಟ್ಟಿಗೆ ಕೂರಬೇಕಾದರೆ ಅದರ ಮಿತಿಗಳೆಲ್ಲ ಬಾಯಿಪಾಠ ಇರಬೇಕು. ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ತೂಕ, ಎಷ್ಟು ಗಾಳಿ. ಪುಸ್ತಕ ತೆಗೆದು ನೋಡುತ್ತೇನೆ ಎನ್ನುವಂತಿಲ್ಲ. ಇಳಿಯುವಾಗ ಪುಸ್ತಕ ಹುಡುಕುತ್ತ ಕೂತರೆ ವಿಮಾನ ಕಾಯುವುದಿಲ್ಲ.

ಮೌಖಿಕ ಪರೀಕ್ಷೆಗೆ ಕೂತವರು ಒಬ್ಬ ಹಿರಿಯ ಕ್ಯಾಪ್ಟನ್. ವಿಮಾನ ಹೆಚ್ಚೆಂದರೆ ಎಷ್ಟು ಎತ್ತರ ಹಾರಬಹುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೂವತ್ತೊಂಬತ್ತು ಸಾವಿರದ ಎಂಟುನೂರು ಅಡಿ ಎಂದು ಸ್ನೇಹಕ್ಕನಿಗೆ ಕನಸಿನಲ್ಲೂ ಗೊತ್ತು. ಬಾಯಿಂದ ಬಂದದ್ದು, "ಮೂವತ್ತೊಂಬತ್ತು ನಲವತ್ತು ಸಾವಿರ ಸರ್." ಇಳಿಯುವಾಗ ಬೆನ್ನ ಹಿಂದಿನಿಂದ ಬೀಸುವ ಗಾಳಿ ಎಷ್ಟಿರಬಹುದು ಎಂದರು. ಗಾಳಿಯ ವೇಗವನ್ನು ಅವರು ನಾಟ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಮಿತಿ ಹತ್ತು ನಾಟ್. ಇವಳು, "ಹತ್ತು ಹನ್ನೆರಡು ಸರ್." ಕ್ಯಾಪ್ಟನ್ ಪೆನ್ನು ಕೆಳಗಿಟ್ಟು, "ನೀವೇನು ಉಳ್ಳಾಗಡ್ಡಿ ಮಾರುತ್ತಿದ್ದೀರಾ?" ಎಂದು ಕೇಳಿದರು.

"ಇಲ್ಲ ಸರ್," ಎಂದಳಂತೆ ಸ್ನೇಹಕ್ಕ, "ನಮ್ಮಪ್ಪ ಮೆಣಸಿನಕಾಯಿ ಮಾರುತ್ತಾರೆ."

ಫೇಲಾದಳು. ಇನ್ನೊಂದೇ ಅವಕಾಶ ಕೊಟ್ಟರು. ಅದರಲ್ಲೂ ಹೋದರೆ ಕಂಪನಿ ಅವಳನ್ನು ಬಿಡುತ್ತದೆ. ಆ ಪರೀಕ್ಷೆ ವಿಡಿಯೋ ಕಾಲ್ ಮೇಲೆ, ಮನೆಯಿಂದಲೇ ಕೊಡಬಹುದು ಎಂದದ್ದರಿಂದ ಅಕ್ಕ ಬೆಟಗೇರಿಗೆ ಬಂದಳು. ರೋಗ ಹುಟ್ಟಿದ ಊರಿಗೇ ಔಷಧಕ್ಕೆ ಬಂದಂತಾಯಿತು.

ಪ್ರಶ್ನೆ ಕೇಳುವ ಕೆಲಸ ನನಗೆ ಬಿತ್ತು. ಮನೆಯಲ್ಲಿ ಇಂಗ್ಲಿಷ್ ಓದಲು ಬರುವವನು ನಾನೆಂದು ಎಲ್ಲರೂ ತಿಳಿದಿದ್ದರು, ನಾನೂ ಅವರ ತಿಳಿವಳಿಕೆ ಕೆಡಿಸಿರಲಿಲ್ಲ. ಸಂಜೆ ಅಂಗಡಿಯಿಂದ ಬಂದು, ಕೈಗೆ ಹತ್ತಿದ ಮಸಿ ತೊಳೆದು, ಮಾಳಿಗೆಯ ಮೇಲೆ ಹಾಳೆ ಹಿಡಿದು ಕೂರುತ್ತಿದ್ದೆ. ಟೈರಿನ ಮಿತಿ ಬಂದಾಗ ನನ್ನ ಎದೆ ಉಬ್ಬಿತು. ನೆಲದ ಮೇಲೆ ನೂರಾ ತೊಂಬತ್ತೈದು ನಾಟ್. ಅಷ್ಟು ವೇಗದ ಟೈರು ನಮ್ಮ ಅಂಗಡಿಗೆ ತರಿಸಬಹುದೇ ಎಂದು ಕೇಳಿದೆ. "ಮೊದಲ ನಿನ್ನ ಬೈಕಿನ ಟೈರ್ ಬದಲಿ ಮಾಡು," ಎಂದಳು.

ನಮ್ಮ ಆಯಿ ರೇಣುಕವ್ವ, ದೊಡ್ಡಪ್ಪನ ತಾಯಿ, ಎಲೆಅಡಿಕೆ ಚೀಲ ಹಿಡಿದು ಪಕ್ಕದಲ್ಲೇ ಇರುತ್ತಿದ್ದಳು. ಪೈಲಟ್ ಕೂರುವ ಕಡೆಯ ಕಿಟಕಿ ತೆರೆಯಬೇಕಾದರೆ ವೇಗ ಇನ್ನೂರು ನಾಟ್ ಮೀರಿರಬಾರದು ಎಂದು ಅಕ್ಕ ಒಪ್ಪಿಸುತ್ತಿದ್ದಂತೆ ಆಯಿ ತಡೆದಳು.

"ಕಿಟಕಿ ತಗೀತಾರೇನವಾ ವಿಮಾನದಾಗ?"

"ಏನರೆ ಅಡಚಣಿ ಬಂದ್ರ ತಗೀಬಹುದು, ಆಯಿ."

"ಹಂಗಾರ ನಾನೂ ಬರ್ತೀನಿ. ಎಲಿಅಡಿಕಿ ಉಗಳಾಕ ಜಾಗ ಇರಂಗಿಲ್ಲ ಅಂತನ ಇಷ್ಟ ದಿನ ಒಲ್ಲೆ ಅಂದಿದ್ದೆ."

ಅಕ್ಕ ಮನೆಗೆ ಒಂದು ಕಾಯಿದೆ ಹಾಕಿದಳು. ತಾನಿರುವಷ್ಟು ದಿನ ಯಾರೂ ಜೋಡಿ ಅಂಕಿ ಆಡಕೂಡದು. ಕಿವಿಗೆ ಬಿದ್ದದ್ದೇ ತನ್ನ ಬಾಯಿಗೂ ಬರುತ್ತದೆ ಎಂದಳು. ಮೊದಲ ದಿನ ಮನೆ ಮೂಕವಾಯಿತು. ದೊಡ್ಡಪ್ಪ ಫೋನಿನಲ್ಲಿ ಯಾರಿಗೋ, "ನಾಕೈದು ಚೀಲ..." ಎಂದು ಆರಂಭಿಸಿ, ಮಗಳ ಮುಖ ನೋಡಿ, ಫೋನು ಹಿಡಿದುಕೊಂಡು ಬೀದಿಗೆ ನಡೆದರು. ಊಟಕ್ಕೆ ಕೂತಾಗ ಆಯಿ, "ಎಷ್ಟ ರೊಟ್ಟಿ?" ಎಂದಳು. ಅಕ್ಕ ಎರಡು ಎಂದಳು. ನಮ್ಮಲ್ಲಿ ಎರಡು ಎಂದರೆ ಮೂರು ಬಡಿಸುವುದು ರೂಢಿ, ಸಾಕು ಎಂದರೆ ಇನ್ನೊಂದು. ಅಕ್ಕ ಮೂರನೆಯದನ್ನು ಎತ್ತಿ ಬುಟ್ಟಿಗೆ ಹಾಕಿದಳು.

"ಎಣಿಸಿ ಉಣ್ಣೋ ಮನಿ ಅಲ್ಲವಾ ಇದು," ಎಂದು ಆಯಿ ಮುಖ ತಿರುವಿದಳು. ಆ ರೊಟ್ಟಿ ನನ್ನ ತಾಟಿಗೆ ಬಂತು. ನನ್ನ ಮಿತಿಯನ್ನು ಈ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಅಪ್ಪ ಮಗಳ ನಡುವೆ ಖರೆ ಜಗಳ ಹತ್ತಿದ್ದು ಡೋಣಿ ಹಳ್ಳಿಗೆ ಹೊರಟ ದಿನ. ಡೋಣಿಯಲ್ಲಿ ದೊಡ್ಡಪ್ಪನ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯ. ದೊಡ್ಡಪ್ಪ ಶಫೀಕನ ಟಂಟಂ ರಿಕ್ಷಾ ಬಾಡಿಗೆಗೆ ಮಾಡಿದ್ದರು. ಆರು ಜನರ ಗಾಡಿ. ಮನೆಯವರು, ಓಣಿಯವರು, ನಾನೂ ಕೂಡಿ ಹನ್ನೆರಡು ಜನ ಏರಿ ಕೂತಿದ್ದೆವು. ಸ್ನೇಹಕ್ಕ ನೆಲದ ಮೇಲೆಯೇ ನಿಂತಳು.

"ಏರ್ರಿ ಅಕ್ಕಾರ," ಎಂದ ಶಫೀಕ. "ಜಾಗ ಐತಿ."

"ಈ ಗಾಡಿ ಲಿಮಿಟ್ ಎಷ್ಟು ಶಫೀಕಣ್ಣ?"

"ಲಿಮಿಟ್ ಅಂತ ಏನಿಲ್ರಿ. ಏರೋಮಟ ಏರಸೋದು. ಮುಂದಿನ ಗಾಲಿ ಎದ್ದರ ಹಿಂದಿಂದ ಒಬ್ರನ್ನ ತಂದು ಮುಂದ ಕುಂಡ್ರಸೋದು."

"ಗಾಲಿ ಎದ್ದಮ್ಯಾಲೆ ತಿಳಕೊಂಡ್ರ ನಮ್ಮಲ್ಲಿ ತಡ ಆಗಿರತೈತಿ," ಎಂದು ಅಕ್ಕ ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟಳು. ಹೆಣ್ಣುಮಗಳನ್ನು ಒಬ್ಬಳೇ ಬಿಡಬಾರದೆಂದು ದೊಡ್ಡಪ್ಪ ನನ್ನನ್ನು ಇಳಿಸಿದರು. ಹಾಗೆಂದು ನಾನು ತಿಳಿದುಕೊಂಡೆ. ನಾನು ಇಳಿದೊಡನೆ ಗಾಡಿಯಲ್ಲಿ ಎಲ್ಲರೂ ಕಾಲು ಚಾಚಿದ್ದು ಕಂಡಿತು.

ನಾವು ಹತ್ತಿದ ಬಸ್ಸಿನಲ್ಲಿ ನಿಲ್ಲಲು ಒಂದು ಕಾಲಿಗೆ ಮಾತ್ರ ಜಾಗವಿತ್ತು. ಇನ್ನೊಂದನ್ನು ಯಾರದೋ ಜೋಳದ ಚೀಲದ ಮೇಲಿಟ್ಟೆ. "ಈ ಬಸ್ಸಿನ ಲಿಮಿಟ್ ಎಷ್ಟಕ್ಕಾ?" ಎಂದೆ. "ಸುಮ್ನ ನಿಂದರು," ಎಂದಳು. ಮುಂದಿನ ಸ್ಟಾಪಿನಲ್ಲಿ ಕಂಡಕ್ಟರ್, "ಒಳಗ ಸರೀರಿ, ಇನ್ನೂ ಐದಾರು ಮಂದಿ ಹಿಡೀತಾರ" ಎಂದು ಕೂಗಿದ.

"ಐದೋ, ಆರೋ?" ಎಂದಳು ಅಕ್ಕ.

ಕಂಡಕ್ಟರ್ ತಿರುಗಿ ನೋಡಿದ. "ನೀವು ಇಳದ್ರ ಆರು."

ಡೋಣಿ ಮುಟ್ಟುವಷ್ಟರಲ್ಲಿ ಕೂಸಿಗೆ ಹೆಸರಿಟ್ಟು ಆಗಿತ್ತು, ಕೂಸು ಮಲಗಿತ್ತು, ಹೋಳಿಗೆ ಮುಗಿದಿತ್ತು. ಬೀಗರ ಮುಂದೆ ಮಾನ ಹೋಯಿತೆಂದು ದೊಡ್ಡಪ್ಪ ಉರಿದುಕೊಂಡು ಕೂತಿದ್ದರು. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಅವನ್ನೇ ನೋಡುತ್ತ, ಮಗಳ ಮುಖ ನೋಡದೆ, ಕೇಳಿದರು: "ನಾವು ಹನ್ನೊಂದು ಮಂದಿ ಬಂದ್ವಿ. ಏನಾತು? ಒಬ್ಬರ ಕೂದಲು ಕೊಂಕೈತೇನು? ನಿನ್ನ ಗಾಳಿ ಹತ್ತರ ಬದಲಿ ಹನ್ನೊಂದು ಆದ್ರ ಏನಾಗತೈತಿ?"

"ಏನೂ ಆಗಂಗಿಲ್ಲಪ್ಪಾ."

"ಮತ್ತ?"

"ಏನೂ ಆಗಂಗಿಲ್ಲ ಅಂತ ಮುಂದಿನ ಸಲ ಹನ್ನೆರಡಕ್ಕ ಇಳಸ್ತಾರ. ಅದರ ಮುಂದಿನ ಸಲ ರನ್‌ವೇ ಮಳಿಗೆ ತೊಯ್ದಿರತೈತಿ. ಗಾಳಿ ಹಿಂದಿಂದ ದಬ್ಬತಿರತೈತಿ, ವಿಮಾನ ನಿಂದರಂಗಿಲ್ಲ, ಹೊಲಕ್ಕ ಹೋಗತೈತಿ."

"ಯಾರ ಹೊಲಕ್ಕ?" ಎಂದೆ ನಾನು. ಇಬ್ಬರೂ ನನ್ನನ್ನು ನೋಡಿದ ರೀತಿಗೆ ಎದ್ದು ಕೈ ತೊಳೆಯಲು ಹೋದೆ, ಊಟ ಮಾಡಿರದಿದ್ದರೂ.

ಪರೀಕ್ಷೆಯ ದಿನ ಬಂತು. ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವ ಕೋಣೆ ಒಂದೇ, ಅದು ದೊಡ್ಡಪ್ಪ ಮೆಣಸಿನಕಾಯಿಯ ಸ್ಯಾಂಪಲ್ ಚೀಲ ಇಡುವ ಕೋಣೆ. ಅಕ್ಕ ಅಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಘಾಟು ಹತ್ತುವುದಿಲ್ಲ. ಬಿಳಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ಮುಂದಿಟ್ಟು, ಬಾಗಿಲು ಮುಂದೆ ಮಾಡಿಕೊಂಡಳು. ನಾನು ರಜೆ ಹಾಕಿ ಬಾಗಿಲ ಕಾವಲಿಗೆ ನಿಂತಿದ್ದೆ, ಯಾರೂ ಸದ್ದು ಮಾಡದಂತೆ ನೋಡಿಕೊಳ್ಳಬೇಕೆಂದು. ದೊಡ್ಡಪ್ಪ ಎಪಿಎಂಸಿಗೆ ಹೋಗುತ್ತೇನೆಂದು ಚಪ್ಪಲಿ ಮೆಟ್ಟಿದವರು, ಚಪ್ಪಲಿ ಬಿಟ್ಟು ತುದಿಗಾಲಿನಲ್ಲಿ ವಾಪಸು ಬಂದು ಬಾಗಿಲಿಗೆ ಕಿವಿ ಹಚ್ಚಿದರು. ಆಯಿ ಅವರ ಕೆಳಗೆ ಕೂತಳು.

"ಏನಂತಾನ ಅಂವ? ಕನ್ನಡದಾಗ ಹೇಳು," ಎಂದು ದೊಡ್ಡಪ್ಪ ಪಿಸುಗುಟ್ಟಿದರು.

ಅದೇ ಕ್ಯಾಪ್ಟನ್. ಎತ್ತರ ಕೇಳಿದರು. ಅಕ್ಕ ಮೂವತ್ತೊಂಬತ್ತು ಸಾವಿರದ ಎಂಟುನೂರು ಎಂದಳು, ಹಿಂದೆ ಮುಂದೆ ಏನೂ ಇಲ್ಲದೆ. ತೂಕ ಕೇಳಿದರು. ಅರವತ್ತೇಳು ಬಿಂದು ನಾಲ್ಕು. ಕಿಟಕಿ ಕೇಳಿದರು. ಇನ್ನೂರು. ಆಯಿ ನನ್ನ ಕಾಲು ಹಿಂಡಿದಳು. ಹಿಂಗಾಳಿ ಹತ್ತು ಎಂದಾಗ ಅಕ್ಕನ ಬಾಯಿ ಮುಚ್ಚಿದ್ದು ನಮಗೆ ಹೊರಗೆ ಕೇಳಿಸಿತು. ಹತ್ತರ ಪಕ್ಕ ಹನ್ನೆರಡು ಬರಲಿಲ್ಲ. ದೊಡ್ಡಪ್ಪ ಕಣ್ಣು ಒರೆಸಿಕೊಂಡರು. ಮೆಣಸಿನಕಾಯಿ ಎಂದರು. ನಾನು ಮೂಗಿಗೆ ಕರ್ಚೀಫ್ ಒತ್ತಿಕೊಂಡಿದ್ದೆ, ಆದರೂ ಒಂದು ಸೀನು ತಪ್ಪಿಸಿಕೊಂಡು ಹೊರಬಿತ್ತು. ಒಳಗೆ ಕ್ಯಾಪ್ಟನ್, ಅದೇನು ಸದ್ದು ಎಂದರು. "ನನ್ನ ತಮ್ಮ, ಸರ್. ಅವನಿಗೆ ಮಿತಿ ಇಲ್ಲ," ಎಂದಳು ಅಕ್ಕ. ಅದನ್ನು ನಾನು ದೊಡ್ಡಪ್ಪನಿಗೆ ಕನ್ನಡಿಸಲಿಲ್ಲ.

ಅಂಕಿಗಳೆಲ್ಲ ಸರಿ ಇವೆ ಎಂದರು ಕ್ಯಾಪ್ಟನ್. ಆದರೆ ಅಂಕಿ ಗಿಳಿಯೂ ಕಲಿಯುತ್ತದೆ, ಕೊನೆಯದಾಗಿ ಒಂದು ಕೇಳುತ್ತೇನೆ, ನಿಮ್ಮನ್ನು ಇಟ್ಟುಕೊಳ್ಳುವುದು ಬಿಡುವುದು ಅದರ ಮೇಲೆ ಎಂದರು. ನಾನು ಆದಷ್ಟು ಮೆಲ್ಲಗೆ ದೊಡ್ಡಪ್ಪನ ಕಿವಿಗೆ ಹೇಳುತ್ತ ಹೋದೆ: "ಇಬ್ರೂ ಒಂದ ವಿಮಾನದಾಗ ಅದಾರಂತ. ಇವರು ಕ್ಯಾಪ್ಟನ್, ಅಕ್ಕ ಬಾಜೂಕ ಹೊಸಬಾಕಿ. ಎದುರಿಗೆ ರನ್‌ವೇ ಕಾಣತೈತಿ. ಹಿಂದಿನ ಗಾಳಿ ಹನ್ನೊಂದು. ಇವರು ಅಂತಾರ, ಒಂದ ಹೆಚ್ಚೈತಿ, ನಡೀತೈತಿ, ನಾ ನಿಮ್ಮಪ್ಪನ ವಯಸ್ಸಿನಾಂವ, ಹಿಂಗ ರಗಡ ಸಲ ಇಳಿಸೀನಿ, ಇಳಿಸಿಬಿಡೋಣು. ನೀ ಏನ ಮಾಡ್ತಿ ಅಂತ ಕೇಳಾಕತ್ತಾರ."

ದೊಡ್ಡಪ್ಪನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಕಾಣಲಿಲ್ಲ. "ಹಿರ್ಯಾರು ಅಷ್ಟ ತಿಳಿಸಿ ಹೇಳಾಕತ್ತಾರಂದ್ರ ಹೂಂ ಅನ್ನಬೇಕು. ಪಾಸ್ ಮಾಡೋದು ಅವರ ಕೈಯಾಗ ಐತಿ," ಎಂದು ಬಾಗಿಲಿಗೆ ಬಾಯಿಟ್ಟು, "ಹೂಂ ಅನ್ನವಾ" ಎನ್ನುವಷ್ಟರಲ್ಲಿ ಆಯಿ ಕೆಳಗಿನಿಂದ ಅವರ ಧೋತರ ಜಗ್ಗಿದಳು.

"ಸುಮ್ಕಿರೋ ಕೊಟ್ರ್ಯಾ. ನೀ ಇಳಸ್ತಿಯೇನು ವಿಮಾನ?"

ಒಳಗೆ ಕುರ್ಚಿ ಸರಿದದ್ದು ಕೇಳಿತು, ಅಕ್ಕ ನೆಟ್ಟಗೆ ಕೂತಿರಬೇಕು. ಅವಳು ಕೊಟ್ಟ ಉತ್ತರಕ್ಕೆ ಕ್ಯಾಪ್ಟನ್ ಅಲ್ಲೇ ಪಾಸು ಎಂದರು. ದೊಡ್ಡಪ್ಪನಿಗೆ ಅದನ್ನು ನಾನು, ಹೆಚ್ಚು ಕಡಿಮೆ ಮಾಡದೆ, ಹೀಗೆ ಹೇಳಿದೆ:

"ಬ್ಯಾಡ್ರಿ ಸರ. ವಿಮಾನ ಮ್ಯಾಲೆ ಎತ್ತರಿ. ನೀವು ಎತ್ತಲಿಲ್ಲಂದ್ರ ನಾ ಎತ್ತತೀನಿ."