ಬೇಡವೆಂದ ಪ್ಯಾಂಟು

ನನ್ನ ಹೊಸ ಪ್ಯಾಂಟು ಮಾತನಾಡುತ್ತದೆ. ಅಡುಗೆಮನೆಯಿಂದ ಹಜಾರಕ್ಕೆ ಬರುವ ಹತ್ತೇ ಹೆಜ್ಜೆಗಳಲ್ಲಿ ಅದು ಎರಡು ತೊಡೆಗಳ ನಡುವೆ ಸರಸರ, ಸರಸರ ಎಂದು ಎಷ್ಟು ಸುದ್ದಿ ಹೇಳುತ್ತದೆಂದರೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಟ್ಟೆ ನೆನೆಸುತ್ತಿದ್ದ ನನ್ನ ಹೆಂಡತಿ ಲವೀನಾ ಅಲ್ಲಿಂದಲೇ, "ರೀ, ಏನದು ಪ್ಲಾಸ್ಟಿಕ್ ಚೀಲ ಮಡಚ್ತಿದೀರಾ?" ಎಂದು ಕೂಗಿದಳು. ನಾನು ನಿಂತೆ, ಪ್ಯಾಂಟೂ ಬಾಯಿ ಮುಚ್ಚಿಕೊಂಡಿತು. ಇದನ್ನು ಕೊಂಡದ್ದು ಬೇಟೆಗೆ. ನಲ್ಲಿಯ ಸದ್ದಿನ ಆಚೆಗಿದ್ದ, ಐವತ್ತು ದಾಟಿದ ಹೆಂಗಸಿನ ಕಿವಿಗೇ ಇಷ್ಟು ಕೇಳಿಸುವುದಾದರೆ, ಕಾಡಿನ ಮೌನದಲ್ಲಿ ಎರಡು ದೊಡ್ಡ ಕಿವಿಗಳನ್ನು ಅತ್ತಿತ್ತ ತಿರುಗಿಸುತ್ತಾ ನಿಲ್ಲುವ ಎಲ್ಕ್ ಎಂಬ ಜಿಂಕೆ ಜಾತಿಯ ಪ್ರಾಣಿಗೆ ಎಷ್ಟು ಕೇಳಿಸೀತು ಎಂಬುದನ್ನು, ಓದುಗ ಮಿತ್ರರೇ, ನೀವೇ ಊಹಿಸಿಕೊಳ್ಳಿ.

ಬೇಟೆಗೂ ನನಗೂ ಇರುವ ನಂಟು ಅಷ್ಟಕ್ಕಷ್ಟೇ. ಮಂಗಳೂರಿನಲ್ಲಿ ಹುಟ್ಟಿ, ಇಪ್ಪತ್ತಾರು ವರ್ಷಗಳಿಂದ ಮಲೇಷ್ಯಾದ ಪುಚೊಂಗ್‌ನಲ್ಲಿ, ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಸಾಲುಮನೆಯೊಂದರಲ್ಲಿ ಬಾಳುತ್ತಿರುವ, ಬಾಂಗ್ಸಾರಿನ ಕಚೇರಿಯೊಂದರಲ್ಲಿ ವಿಮೆಯ ಕಾಗದಪತ್ರ ತಿದ್ದುವ ಮನುಷ್ಯ ನಾನು. ಹನ್ನೆರಡು ತಿಂಗಳೂ ಬೆವರಿಳಿಸುವ ಈ ನಾಡಿನಲ್ಲಿ ಚಳಿಯೆಂದರೆ ನನಗೆ ಗೊತ್ತಿರುವುದು ಕಚೇರಿಯ ಏಸಿಯ ಚಳಿ ಮಾತ್ರ. ಬೀದಿಯಲ್ಲಿ ಬಿಸಿಲಿಗೆ ಕೊಡೆ ಹಿಡಿದು ಬಂದವರು ಒಳಗೆ ಕಾಲಿಟ್ಟೊಡನೆ ಕುರ್ಚಿಯ ಬೆನ್ನಿಗೆ ನೇತುಹಾಕಿದ ಸ್ವೆಟರನ್ನು ಏರಿಸಿಕೊಂಡು ಮೂಗು ಎಳೆಯುತ್ತಾ ಕೂರುತ್ತೇವೆ. ಇಂಥವನಿಗೆ ಸ್ವೀಡನ್ನಿನ ಅಕ್ಟೋಬರ್ ತಿಂಗಳ ಕಾಡಿಗೆ ಕರೆ ಬಂದಿತ್ತು.

ಕರೆದವರು ನಿಲ್ಸ್. ಅವರ ಮಗ ಎರಿಕ್‌ನನ್ನು ನನ್ನ ಮಗಳು ರೀಮಾ ಮದುವೆಯಾಗಲಿದ್ದಾಳೆ. ಅಂದರೆ ನಮ್ಮ ಲೆಕ್ಕದಲ್ಲಿ ನಿಲ್ಸ್ ನನಗೆ ಬೀಗರು. ಈ ಮಾತನ್ನು ಇಷ್ಟು ಸಲೀಸಾಗಿ ಬರೆದೆನೇ ಹೊರತು ಬಾಯಲ್ಲಿ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಓದಲು ಹೋದವಳು ಅಲ್ಲೇ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ, ಒಂದು ಸಂಜೆ ಫೋನಿನಲ್ಲಿ ಎರಿಕ್‌ನ ವಿಷಯ ತೆಗೆದಾಗ ನಾನು ಹೇಳಿದ್ದು ಒಂದೇ ಪದ: "ಬೇಡ." ದನಿ ಏರಿಸಲಿಲ್ಲ, ಕಾರಣ ಕೊಡಲಿಲ್ಲ. ಅವಳು ಅಳಲಿಲ್ಲ, ವಾದಿಸಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಗೊಮ್ಮೆಗೆ ಇಳಿಯಿತು, ಬಂದರೂ ಅಮ್ಮನಿಗೆ. ಆಮೇಲೆ ಲವೀನಾ ನಡುವೆ ನಿಂತು ಏನೇನೋ ಹೊಲಿಗೆ ಹಾಕಿ, ಬರುವ ಬೇಸಿಗೆಗೆ ಮದುವೆ ಎಂದು ಗೊತ್ತಾಯಿತು. ನನ್ನನ್ನು ಯಾರೂ ಮತ್ತೊಮ್ಮೆ ಕೇಳಲಿಲ್ಲ. ನಾನೂ ತಿದ್ದಿ ಹೇಳಲಿಲ್ಲ.

ಹೀಗಿರುವಾಗ ಬಂದ ಕರೆ ಅದು. ನಿಲ್ಸ್‌ರ ಹಳ್ಳಿಯಲ್ಲಿ ಎಲ್ಕ್ ಬೇಟೆಯೆಂದರೆ ಮನೆಮಂದಿಯ ಕೆಲಸ. ಆ ವಾರ ಅಂಗಡಿಯವನು, ಬಡಗಿ, ಶಾಲೆಯ ಮೇಷ್ಟ್ರು ಎಲ್ಲರೂ ಕಾಡಿನಲ್ಲೇ. ಹೊರಗಿನವರನ್ನು ಕರೆಯುವುದಿಲ್ಲ. ಕರೆದರೆಂದರೆ ಒಳಗಿನವನೆಂದು ಎಣಿಸಿದರು ಎಂದೇ ಅರ್ಥ. ಬಂದೂಕು ನಾನು ಮುಟ್ಟಬೇಕಿಲ್ಲ, ನಿಲ್ಸ್ ಪಕ್ಕದಲ್ಲಿದ್ದರೆ ಸಾಕು. ರೀಮಾ ಬಹಳ ದಿನಗಳ ನಂತರ ನನ್ನೊಡನೆಯೇ ಮಾತಾಡಿ, "ಪಪ್ಪಾ, ಪ್ಲೀಸ್ ಬನ್ನಿ" ಎಂದಳು. ಆ ಪ್ಲೀಸ್‌ನ ಭಾರ ನನಗೆ ಗೊತ್ತಾಯಿತು. ಈ ಬೇಟೆ ಸರಿಯಾಗಿ ನಡೆದರೆ ಮದುವೆಯ ದಿನ ನಾನು ಅಪ್ಪ. ಕೆಟ್ಟರೆ, ಟಿಕೆಟು ತೆಗೆದುಕೊಂಡು ಬಂದು ಎರಡನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಹೋಗುವ ಅತಿಥಿ.

ಈಮೇಲಿನಲ್ಲಿ ಬಂದ ಕರೆಯೋಲೆಯ ಕೊನೆಯಲ್ಲಿ ನಿಲ್ಸ್ ಮೂರು ವಾಕ್ಯ ಬರೆದಿದ್ದರು. ಅವರ ಇಂಗ್ಲಿಷು ಸೌದೆ ಸೀಳಿಟ್ಟ ಹಾಗೆ, ತುಂಡು ತುಂಡು. ಇಲ್ಲಿ ಒಂದು ಪ್ಯಾಂಟು ಇದೆ. ದಪ್ಪ ಉಣ್ಣೆಯದು, ನನ್ನ ಅಪ್ಪನದು. ನೀವು ಅದನ್ನು ತೊಡಬಹುದು. ನಾನು ತಕ್ಷಣ ಉತ್ತರಿಸಿದೆ: ನಿಮ್ಮ ದೊಡ್ಡ ಮನಸ್ಸು, ಖಂಡಿತ ಬೇಡ, ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ. ಬರೆದು, ಎರಡನೆಯ ಓಲೆಗಾಗಿ ಕಾದು ಕೂತೆ.

ಏಕೆ ಕಾದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಊರುಗಳಲ್ಲಿ ಕಾಫಿ ಕೊಡಲೇ ಎಂದ ಕೂಡಲೇ "ಹೂಂ, ಕೊಡಿ" ಎನ್ನುವವನನ್ನು ಒಂದು ತಲೆಮಾರಿನವರೆಗೆ ಜನ ಆಡಿಕೊಳ್ಳುತ್ತಾರೆ. ಮೊದಲನೆಯ 'ಬೇಡ' ಬರೀ ಮರ್ಯಾದೆ, ಎರಡನೆಯದು ಸಂಕೋಚ, ಮೂರನೆಯ ಸಲ ಕೇಳಿದಾಗ "ಅರ್ಧ ಲೋಟ ಸಾಕು" ಎನ್ನಬಹುದು, ಆಗ ಕೊಡುವವರು ತುಂಬಾ ಕೊಡುತ್ತಾರೆ. ನನ್ನ ಅಪ್ಪ ಮದುವೆಯೂಟಗಳಲ್ಲಿ "ಬೇಡ, ಬೇಡ" ಎಂದು ತಟ್ಟೆಗೆ ಅಡ್ಡ ಹಿಡಿಯುತ್ತಿದ್ದ ಕೈಯನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ: ಸಾರು ಬಡಿಸುವವನಿಗೆ ಬೇಕಾದಷ್ಟು ಸಂದಿ ಬೆರಳುಗಳ ನಡುವೆ ಇದ್ದೇ ಇರುತ್ತಿತ್ತು. ಅದೇ ಕೈಯ ಮಗ ನಾನು. ನನ್ನ ಓಲೆಯಲ್ಲೂ ಸಂದಿ ಬಿಟ್ಟೇ ಬರೆದಿದ್ದೆ. "ಇರ್ರೀ, ಇನ್ನೊಂದ್ಸಲ ಕೇಳೇ ಕೇಳ್ತಾರೆ" ಎಂದು ಹಾಸನದ ಕಡೆಯವಳಾದ ಲವೀನಾಳೂ ಧೈರ್ಯ ಹೇಳಿದಳು.

ಇದಕ್ಕೆ ತಿರುಗುಮುರುಗಾದದ್ದು ಕಳೆದ ಕ್ರಿಸ್‌ಮಸ್ಸಿನಲ್ಲಿ ನಮ್ಮ ಮನೆಯಲ್ಲೇ ನಡೆದಿತ್ತು. ರೀಮಾಳ ಜೊತೆ ಬಂದಿದ್ದ ಎರಿಕ್, ನಮ್ಮವರ ಮನೆಯಲ್ಲಿ ಕೊಟ್ಟದ್ದನ್ನು ಒಲ್ಲೆ ಎಂದರೆ ಅವಮಾನ ಎಂದು ಎಲ್ಲೋ ಓದಿಕೊಂಡು ಬಂದಿದ್ದ. ಲವೀನಾ ಕೇಳಿದ್ದಕ್ಕೆಲ್ಲಾ ಮೊದಲ ಸಲವೇ "ಯೆಸ್, ಥ್ಯಾಂಕ್ ಯೂ" ಎಂದ. ಒತ್ತಾಯ ಮಾಡದೆ ಬಡಿಸಿ ಅಭ್ಯಾಸವಿಲ್ಲದ ಅವಳು, ಅವನು ಹೂಂ ಎಂದ ಮೇಲೂ ಒತ್ತಾಯ ಮಾಡಿದಳು. ಇಡ್ಲಿಯಂಥ ಹನ್ನೊಂದು ಸಾನ್ನ, ಎರಡು ಬಟ್ಟಲು ಹಂದಿ ಸಾರು ಇಳಿಸಿ, ಆ ಆರಡಿಯ ಹುಡುಗ ಬೆವೆತು ಕೆಂಪಾಗಿ, ಮೇಜು ಹಿಡಿದುಕೊಂಡು ಎದ್ದ. ಅಯ್ಯೋ ಪಾಪ ಎನಿಸಿತು. ಪಾಪ ಎನಿಸಿದವನ ಮೇಲೆ ಸಿಟ್ಟು ಹೆಚ್ಚು ದಿನ ನಿಲ್ಲುವುದಿಲ್ಲ. ನನಗೆ ಅವನು ಇಷ್ಟವಾದದ್ದು ಅವತ್ತೇ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ನಿಲ್ಸ್ ಎರಡನೆಯ ಸಲ ಕೇಳಲಿಲ್ಲ. ಒಂದು ವಾರ, ಎರಡು ವಾರ, ಮೂರು ವಾರ. ಬಾಯಿಬಿಟ್ಟು ಕೇಳುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಇನ್ನೇನು, ನಮ್ಮ ಮಾನ ನಾವೇ ಮುಚ್ಚಿಕೊಳ್ಳಬೇಕೆಂದು ಅಂತರ್ಜಾಲವನ್ನು ತೆರೆದು ಎಲ್ಕ್ ಬೇಟೆಯ ಉಡುಪಿನ ಅಧ್ಯಯನಕ್ಕೆ ಕೂತೆ. ಅಮೆರಿಕದ ಬೇಟೆಗಾರರು ಇದರ ಬಗ್ಗೆ ಬರೆದಷ್ಟು ನಮ್ಮ ಪಂಡಿತರು ಮೋಕ್ಷದ ಬಗ್ಗೆ ಬರೆದಿರಲಾರರು. ಮೈಗೆ ತಾಗುವ ಪದರ ಬೆವರನ್ನು ಹೀರಿ ಹೊರಕ್ಕೆ ತಳ್ಳಬೇಕು. ನಡುವಿನ ಪದರ ಬಿಸಿಯನ್ನು ಹಿಡಿದಿಡಬೇಕು. ಮೇಲಿನದು ಗಾಳಿ ಮಳೆಯನ್ನು ತಡೆಯಬೇಕು. ಹತ್ತಿಯನ್ನು ಮಾತ್ರ ಮುಟ್ಟಕೂಡದು, ಒದ್ದೆಯಾದರೆ ಅದು ಆರುವುದಿಲ್ಲ, ಬೆಟ್ಟದ ಮೇಲೆ ಪ್ರಾಣಕ್ಕೇ ಸಂಚಕಾರ. ಹುಟ್ಟಿದಾರಭ್ಯ ಬನಿಯನ್ನನ್ನು ಎರಡನೆಯ ಚರ್ಮವೆಂದು ನಂಬಿದವನಿಗೆ ಇದು ಧರ್ಮಸಂಕಟವೇ ಸರಿ. ಪ್ಯಾಂಟು ಹಗುರವಾಗಿರಬೇಕು, ಮಂಡಿ ಮಡಚಲು ಸಡಿಲವಿರಬೇಕು, ತೊಡೆಯ ಪಕ್ಕದಲ್ಲಿ ಗಾಳಿಯಾಡಲು ಜಿಪ್ಪು ಇರಬೇಕು, ಏಕೆಂದರೆ ದಿನವಿಡೀ ಬೆಟ್ಟ ಹತ್ತುವುದಿದೆ.

ಮಾಲಿನಲ್ಲಿ ಚಳಿಬಟ್ಟೆಯದೇ ಒಂದು ಅಂಗಡಿಯಿದೆ. ಹೊರಗೆ ಮೂವತ್ಮೂರು ಡಿಗ್ರಿ, ಒಳಗೆ ಗಂಬೂಟು, ಕೈಗವಸು, ತುಪ್ಪುಳದ ಟೋಪಿ. ಮೂರು ಪದರ ಏರಿಸಿಕೊಂಡು ಕನ್ನಡಿಯ ಮುಂದೆ ನಿಂತಾಗ ಹಣೆಯಿಂದ ಇಳಿದ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮೊದಲ ಪದರ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅದೊಂದು ಒಳ್ಳೆಯ ಪರೀಕ್ಷೆಯೇ ಆಯಿತು. ಅಂಗಡಿಯ ಮಲಯ ಹುಡುಗಿ, "ಅಂಕಲ್, ಜಪಾನಿಗಾ?" ಎಂದಳು. ಬೇಟೆಗೆ, ಎಲ್ಕ್ ಬೇಟೆಗೆ ಎಂದೆ. ಅವಳು ನನ್ನ ಹೊಟ್ಟೆಯನ್ನೂ ಕನ್ನಡಕವನ್ನೂ ಒಮ್ಮೆ ನೋಡಿ, "ಕೇರ್‌ಫುಲ್ ಲಾ, ಅಂಕಲ್" ಎಂದಳು. ಆ ಅನುಕಂಪವನ್ನೂ ಪ್ಯಾಂಟನ್ನೂ ಒಂದೇ ಚೀಲದಲ್ಲಿ ಹಾಕಿಸಿಕೊಂಡು ಮನೆಗೆ ಬಂದೆ. ಅದೇ ಈ ಮಾತಿನಮಲ್ಲ ಪ್ಯಾಂಟು.

ಅದನ್ನು ತೊಟ್ಟು ಹಜಾರದಲ್ಲಿ ಕಾಲು ಅಗಲಿಸಿ ನಡೆಯುವ ಅಭ್ಯಾಸ ಮಾಡುತ್ತಿದ್ದ ಭಾನುವಾರದ ಮಧ್ಯಾಹ್ನವೇ ರೀಮಾಳ ಫೋನು ಬಂತು, ಈ ಸಲವೂ ನನಗೇ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲೇ ಬರೆಯುತ್ತೇನೆ.

"ಪಪ್ಪಾ, ನಿಲ್ಸ್ ಕೊಟ್ಟ ಪ್ಯಾಂಟ್ ಬೇಡ ಅಂದ್ರಾ?"

ಹೌದೆಂದೆ, ಹೊಸದು ಕೊಂಡಿದ್ದೇನೆ, ತೆಳ್ಳಗೆ ಹಗುರವಾಗಿದೆ, ಬೆಟ್ಟ ಹತ್ತುವುದಕ್ಕೆ ಹೇಳಿ ಮಾಡಿಸಿದ್ದು ಎಂದೆ.

"ಯಾವ ಬೆಟ್ಟ? ಅಲ್ಲಿ ಬೆಟ್ಟಾನೇ ಇಲ್ಲ. ಯಾರೂ ನಡೆಯೋದೂ ಇಲ್ಲ. ಒಂದು ಅಟ್ಟಣಿಗೆ ಮೇಲೆ ಅಲ್ಲಾಡದೆ ಆರು ಗಂಟೆ ಕೂರ್ಬೇಕು. ಆ ತೆಳು ಪ್ಯಾಂಟಲ್ಲಿ ಕೂತ್ರೆ ಮರಗಟ್ಟಿ ಹೋಗ್ತೀರಿ."

ಎಲ್ಕ್ ಎಂಬ ಒಂದೇ ಹೆಸರನ್ನು ಅಮೆರಿಕದವರು ಒಂದು ಪ್ರಾಣಿಗೂ ಯುರೋಪಿನವರು ಇನ್ನೊಂದಕ್ಕೂ ಇಟ್ಟಿದ್ದಾರಂತೆ. ಅಮೆರಿಕದ್ದನ್ನು ಅಟ್ಟಿಸಿಕೊಂಡು ಬೆಟ್ಟ ಹತ್ತಬೇಕು, ಯುರೋಪಿನದಕ್ಕೆ ಕಾದು ಕೂರಬೇಕು. ಬೇರೊಂದು ಪ್ರಾಣಿಯ ಬೇಟೆಗೆ ನಾನು ಅಚ್ಚುಕಟ್ಟಾಗಿ ಸಿದ್ಧನಾಗಿದ್ದೆ. ನಗು ಬಂತು. ಆದರೆ ರೀಮಾ ನಗಲಿಲ್ಲ.

ಆ ಪ್ಯಾಂಟು ನಿಲ್ಸ್‌ರ ತೀರಿಹೋದ ಅಪ್ಪನದು, ಅವರ ನಂತರ ಯಾರೂ ತೊಟ್ಟದ್ದಲ್ಲ. ಓಲೆ ಬರೆಯುವ ಮೊದಲೇ ನನ್ನ ಎತ್ತರವನ್ನು ರೀಮಾಳಿಂದ ಕೇಳಿ ತಿಳಿದುಕೊಂಡು, ಎರಿಕ್‌ನ ತಾಯಿ ಕಾಲನ್ನು ನಾಲ್ಕು ಬೆರಳು ಮಡಚಿ ಹೊಲಿದಿದ್ದರು. ನುಸಿಗುಳಿಗೆಯ ವಾಸನೆ ಹೋಗಲೆಂದು ಮೂರು ದಿನ ಜಗಲಿಯಲ್ಲಿ ಗಾಳಿಗೆ ಹಾಕಿದ್ದರು. ಆಗ ನನ್ನ ಉತ್ತರ ಹೋಗಿದೆ. ನಿಲ್ಸ್ ಅದನ್ನು ಓದಿ, ಪ್ಯಾಂಟನ್ನು ತೆಗೆದು ಮಡಚಿ ಬೀರುವಿನಲ್ಲಿಟ್ಟರಂತೆ. ಮೂರು ವಾರ ಬಿಟ್ಟು, ಹಿಂದಿನ ದಿನ, ರೀಮಾಳನ್ನು ಕೇಳಿದ್ದರು: ನಿನ್ನ ಅಪ್ಪನಿಗೆ ಈ ಮದುವೆ ಇಷ್ಟವಿಲ್ಲವೇ?

"ನೀನೇನಂದೆ?"

"ಗೊತ್ತಿಲ್ಲ ಅಂದೆ."

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಐವತ್ತೆಂಟು ವರ್ಷ ನಾನು ಮಾತು ಬಲ್ಲವನೆಂದೇ ತಿಳಿದಿದ್ದೆ. ಅವಳಿಗೆ ಬಿಡಿಸಿ ಹೇಳಿದೆ: ಅದು ಬೇಡದ ಬೇಡ ಅಲ್ಲ, ಉಪಚಾರದ ಬೇಡ, ಇನ್ನೊಮ್ಮೆ ಕೇಳಲಿ ಎಂದು ಹೇಳುವ ಬೇಡ, ಅಜ್ಜ ಬೆರಳುಗಳ ಸಂದಿಯಲ್ಲಿ ಸಾರು ಇಳಿಸಿಕೊಳ್ಳುತ್ತಿದ್ದ ಬೇಡ. ಕನ್ನಡದಲ್ಲಿ ಬೇಟೆಯಾಡುವವನೂ ಬೇಡನೇ, ಒಲ್ಲೆನೆಂಬುದೂ ಬೇಡವೇ, ಯಾಚಿಸು ಎನ್ನಲಿಕ್ಕೂ ಬೇಡು ಎಂದೇ ಹೇಳಬೇಕು, ನನ್ನದೇನು ತಪ್ಪು ಎಂದೂ ಸೇರಿಸಿದೆ. ಒಮ್ಮೆ ನಕ್ಕಳು. ಆಮೇಲೆ ಕೇಳಿದಳು:

"ಹಾಗಾದ್ರೆ ಎರಿಕ್ ವಿಷಯದಲ್ಲಿ ಬೇಡ ಅಂದ್ರಲ್ಲ, ಅದೂ ಇಂಥದ್ದೇನಾ ಪಪ್ಪಾ? ನಾನು ಇನ್ನೊಂದ್ಸಲ ಕೇಳ್ಬೇಕಿತ್ತಾ?"

ಎದುರಿನ ಕುರ್ಚಿಯಲ್ಲಿ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಕೂತಿದ್ದ ಲವೀನಾ, ಹೂಂ ಅನ್ನಿ, ಹೂಂ ಅನ್ನಿ ಎಂದು ತಲೆಯಲ್ಲೇ ಸನ್ನೆ ಮಾಡಿದಳು. ಹೂಂ ಎಂದಿದ್ದರೆ ಎರಡು ವರ್ಷದ ತಪ್ಪು ಒಂದೇ ಏಟಿಗೆ ಸಂಪ್ರದಾಯದ ತಲೆಗೆ ಹೋಗುತ್ತಿತ್ತು. ತಂದೆ ಒಳ್ಳೆಯವನು, ಮಗಳಿಗೆ ಭಾಷೆ ತಿಳಿಯಲಿಲ್ಲ ಎಂದಾಗುತ್ತಿತ್ತು. ಅಷ್ಟು ಸುಲಭದ ಬಾಗಿಲು ನನಗೆ ಜೀವನದಲ್ಲಿ ಮತ್ತೆ ಸಿಗಲಾರದು. ಆದರೆ ಆ ತಪ್ಪನ್ನು ಅವಳ ಮೇಲೆ ಹೊರಿಸಲು ನನಗೆ ನಾಚಿಕೆಯಾಯಿತು.

"ಇಲ್ಲ ಮಗಾ. ಅದು ನಿಜವಾದ ಬೇಡ. ನೀನು ಹತ್ತು ಸಲ ಕೇಳಿದ್ರೂ ಅವತ್ತು ಬೇಡ ಅಂತಲೇ ಅಂತಿದ್ದೆ."

"ಗೊತ್ತಿತ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು. "ಹೂಂ ಅಂದಿದ್ರೆ ನಾನು ನಂಬ್ತಿರ್ಲಿಲ್ಲ. ಈಗ?"

ಈಗ ಎಂಬುದಕ್ಕೆ ಉತ್ತರ ಕಳೆದ ಕ್ರಿಸ್‌ಮಸ್ಸಿನಿಂದ ನನ್ನ ಬಳಿ ಇತ್ತು. ಯಾರಾದರೂ ಕೇಳಲಿ ಎಂದು ಒಂಬತ್ತು ತಿಂಗಳು ತಟ್ಟೆಗೆ ಕೈ ಅಡ್ಡ ಹಿಡಿದು ಕೂತಿದ್ದೆ, ಅಷ್ಟೇ. "ಈಗ ಬೇಕು" ಎಂದೆ. "ಅವನು ಬೇಕು, ಮದುವೆ ಬೇಕು. ಕೇಳೋ ತನಕ ಕಾದಿದ್ದು ತಪ್ಪಾಯ್ತು." ಆ ಕಡೆಯಿಂದ ಮೂಗು ಎಳೆದ ಸದ್ದು ಬಂತು. ಕೊನೆಗೆ, "ನಂಗಲ್ಲ, ನಿಲ್ಸ್‌ಗೆ ಹೇಳಿ" ಎಂದು ಫೋನಿಟ್ಟಳು.

ಬರೆಯಲು ಕೂತೆ. ಪೀಠಿಕೆಯಿಲ್ಲದೆ ಕೇಳಿ ಅಭ್ಯಾಸವಿಲ್ಲದ ಕೈ. ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ ನಿಲ್ಸ್‌ರ ಹಾಗೆಯೇ ತುಂಡು ತುಂಡಾಗಿ ಬರೆದೆ. ನಿಮ್ಮ ಅಪ್ಪನ ಪ್ಯಾಂಟು ನನಗೆ ಬೇಕು. ನಾನು ಬೇಡ ಎಂದದ್ದು ತಪ್ಪು. ಈ ಮದುವೆಯೂ ನನಗೆ ಬೇಕು.

ಉತ್ತರ ಕಾಲು ಗಂಟೆಯಲ್ಲೇ ಬಂತು. ಮದುವೆಯ ಸುದ್ದಿಯೇ ಇಲ್ಲ, ಕ್ಷಮಿಸಿದ್ದೇನೆ ಎಂಬ ಮಾತಿಲ್ಲ. ಅವರ ಹೆಂಡತಿ ಸೂಜಿದಾರ ಹಿಡಿದು ಕೂತಿದ್ದಾರಂತೆ, ಸೊಂಟದ ಸುತ್ತಳತೆ ಬೇಕಂತೆ, ಸೆಂಟಿಮೀಟರಿನಲ್ಲಿ.

ಲವೀನಾ ಟೇಪು ತಂದಳು. ದರ್ಜಿಗಳ ಮುಂದೆ ಯಾವಾಗಲೂ ಮಾಡುವಂತೆ ನಾನು ಉಸಿರು ಎಳೆದು ಹೊಟ್ಟೆಯನ್ನು ಒಳಕ್ಕೆ ತೆಗೆದುಕೊಂಡೆ.

"ಎಳ್ಕೋಬೇಡಿ ರೀ. ಆರು ಗಂಟೆ ಕೂರ್ಬೇಕು" ಎಂದಳು.

ಉಸಿರು ಬಿಟ್ಟೆ. ಟೇಪು ಜರುಗಿತು. ನೂರಾ ನಾಲ್ಕು ಎಂದು ಓದಿ ಹೇಳಿದಳು, ನೂರಾ ನಾಲ್ಕು ಎಂದೇ ಬರೆದು ಕಳಿಸಿದೆ.