ಎರಡರಿಂದ ಮೂರೂಕಾಲು

ಶಿವಲಿಂಗಮ್ಮ ಮದುವೆಯಾಗಿ ಸಿಂಧನೂರಿಗೆ ಬಂದು ಹದಿನೇಳು ವರ್ಷವಾಗಿತ್ತು. ಯಾರೂ ತನ್ನನ್ನು ಕರೆಯದ ಒಂದೂಕಾಲು ಗಂಟೆ ಅವಳಿಗೆ ಮೊದಲ ಸಲ ಸಿಕ್ಕದ್ದು ಹೋದ ವರ್ಷ ದೀಪಾವಳಿ ಕಳೆದ ಮೇಲೆ. ಅದೂ ಸುಳ್ಳು ಹೇಳಿ ಪಡೆದದ್ದು.

ಅವಳ ತವರು ಮುಕ್ಕುಂದ. ಪಿಯುಸಿ ಓದಿದ್ದಳು. ಗಂಡ ಮಾನಪ್ಪ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಮನೆಯ ಮುಂದಿನ ಕೋಣೆಯಲ್ಲಿ ಆನ್‌ಲೈನ್ ಸೆಂಟರ್ ಇತ್ತು. ಬೋರ್ಡಿನ ಮೇಲೆ ಮಾನಪ್ಪನ ಹೆಸರು, ಮಾನಪ್ಪನ ಫೋನ್ ನಂಬರು. ಒಳಗೆ ಕುಳಿತು ಪಹಣಿ ತೆಗೆಯುವುದು, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಬೆರಳಚ್ಚು ಬೀಳದ ಮುದುಕಿಯರ ಬೆರಳನ್ನು ಸೆರಗಿನಿಂದ ಒರೆಸಿ ಮತ್ತೆ ಒತ್ತಿಸುವುದು ಎಲ್ಲವೂ ಶಿವಲಿಂಗಮ್ಮನದು. ಬೆಳಿಗ್ಗೆ ಐದಕ್ಕೆ ಎದ್ದು ನೀರು ತುಂಬಿ, ರೊಟ್ಟಿ ಬಡಿದು, ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸಿ, ಹತ್ತಕ್ಕೆ ಅಂಗಡಿ ತೆರೆಯುತ್ತಿದ್ದಳು. ಅರ್ಜಿ ತುಂಬುತ್ತಿರುವಾಗಲೇ ಒಳಗಿನಿಂದ ಕರೆ ಬರುತ್ತಿತ್ತು. ಎದ್ದು ಹೋಗಿ ಹಾಲು ಇಳಿಸಿ ಬಂದು ಮತ್ತೆ ಕೂರುತ್ತಿದ್ದಳು. ಉಣ್ಣುವಾಗ ಕರೆದರೆ ಎಂಜಲು ಕೈಯಲ್ಲೇ ಏಳುತ್ತಿದ್ದಳು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಗಂಡ ಬಾಗಿಲ ಹೊರಗೆ ನಿಂತು ತನ್ನ ಬನಿಯನ್ ಎಲ್ಲಿದೆ ಎಂದು ಕೇಳಿದ್ದುಂಟು. ನಡುವೆ ನಿಲ್ಲಿಸಲಾಗದಂಥ ಕೆಲಸವೊಂದನ್ನು ಅವಳು ಮಾಡುತ್ತಿರಬಹುದು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಆ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರ್ ಇತ್ತು. ಅದು ಮೈದುನ ದುರುಗೇಶನದು. ಅವನು ಮದುವೆಗಳ ಫೋಟೋ, ವಿಡಿಯೋ ತೆಗೆಯುವವನು. ವಿಡಿಯೋ ಜೋಡಿಸುವುದಕ್ಕೆಂದು ತಂದ ದೊಡ್ಡ ಯಂತ್ರದಲ್ಲಿ ಯುದ್ಧದ ಆಟವನ್ನೂ ಹಾಕಿಕೊಂಡಿದ್ದ. ಒಂದು ಮಧ್ಯಾಹ್ನ ಯಾರದೋ ನಿಶ್ಚಿತಾರ್ಥಕ್ಕೆ ಅವಸರದ ಕರೆ ಬಂದಾಗ, ನಮ್ಮ ಗುಂಪಿನಲ್ಲಿ ಒಬ್ಬರು ಕಡಿಮೆಯಾಗುತ್ತಾರೆ, ನೀವು ಸುಮ್ಮನೆ ಲಾರಿ ಓಡಿಸಿರಿ ಸಾಕು ಎಂದು ಅತ್ತಿಗೆಯನ್ನು ಕೂರಿಸಿ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ತೋರಿಸಿ ಹೋದ. ಶಿವಲಿಂಗಮ್ಮ ಲಾರಿಯನ್ನು ಹಳ್ಳಕ್ಕೆ ಹಾಕಿದಳು, ಮರಕ್ಕೆ ಗುದ್ದಿದಳು, ಯಾರು ಹೊಡೆದರೆಂದು ತಿಳಿಯುವ ಮೊದಲೇ ಆರು ಸಲ ಸತ್ತಳು. ದುರುಗೇಶನಿಗೆ ಕೆಲವು ತಿಂಗಳಲ್ಲಿ ಆಟ ಬೇಸರ ಬಂತು. ಅವಳು ಬಿಡಲಿಲ್ಲ.

ನೆರೆಮನೆಯ ಹುಡುಗರು ಮೊಬೈಲಿನಲ್ಲಿ ಆಡುವ ಆಟಗಳ ಹಾಗೆ ಅದು ಕುಣಿಯುತ್ತಿರಲಿಲ್ಲ. ಒಂದು ಕಡೆ ಐವತ್ತು ಜನ, ಇನ್ನೊಂದು ಕಡೆ ಐವತ್ತು ಜನ, ಎಲ್ಲರೂ ಎಲ್ಲೆಲ್ಲೋ ತಮ್ಮ ತಮ್ಮ ಮನೆಗಳಲ್ಲಿ ಕುಳಿತವರು. ಶತ್ರು ಎಲ್ಲಿದ್ದಾನೆಂದು ನಕ್ಷೆ ಹೇಳುವುದಿಲ್ಲ. ಹುಲ್ಲಿನಲ್ಲಿ ಹತ್ತು ನಿಮಿಷ ಕವಚಿ ಮಲಗಬೇಕಾಗುತ್ತದೆ. ಒಂದು ಗುಂಡು ತಗುಲಿದರೆ ಮುಗಿಯಿತು. ಗಾಳಿಯ ಸದ್ದು, ದೂರದಲ್ಲಿ ಯಾರೋ ಜಲ್ಲಿಯ ಮೇಲೆ ನಡೆದ ಸದ್ದು, ತನ್ನದೇ ಉಸಿರು. ಆ ನಿಶ್ಶಬ್ದವೇ ಅವಳಿಗೆ ಮೊದಲು ಹಿಡಿಸಿದ್ದು. ಆಮೇಲೆ ಲಾರಿ. ಸೈಕಲ್ಲನ್ನೂ ತುಳಿಯದಿದ್ದ ಅವಳು ಗುಡ್ಡದ ಬದಿಯ ಕಚ್ಚಾ ರಸ್ತೆಯಲ್ಲಿ ಮದ್ದುಗುಂಡು ತುಂಬಿದ ಲಾರಿಯನ್ನು ದೀಪ ಹಾಕದೆ ಇಳಿಸುವುದನ್ನು ಕಲಿತಳು. ತಿರುವಿನಲ್ಲಿ ಮೈ ತಾನಾಗಿ ಒಂದು ಬದಿಗೆ ವಾಲುತ್ತಿತ್ತು. ಅಂಥ ಹೊತ್ತಿನಲ್ಲಿ ತುಟಿಯಂಚಿಗೆ ನಗು ಬಂದಿರುತ್ತಿದ್ದುದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಆಟದಲ್ಲಿ ಅವಳ ಹೆಸರು ಮುಕ್ಕುಂದ. ಮೂರು ವಾರ ಮೈಕು ಮುಚ್ಚಿಕೊಂಡೇ ಆಡಿದಳು. ಗುಂಪಿನ ನಾಯಕ ಚನ್ನು, ಲಿಂಗಸುಗೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಮಸ್ಕಿಯ ಟೇಲರ್ ಮಹಮ್ಮದಸಾಬ ಗಾಯಗೊಂಡವರಿಗೆ ಪಟ್ಟಿ ಕಟ್ಟುವ ಕೆಲಸದವನು. ಇಬ್ಬರೂ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು ಕೂರುತ್ತಿದ್ದರು. ಉಳಿದವರು ತೆಲುಗು, ಹಿಂದಿಯವರು. ಒಂದು ದಿನ ಸೇತುವೆಯ ಆಚೆ ಶತ್ರುಗಳ ಗಾಡಿ ಬರುತ್ತಿರುವುದು ಅವಳೊಬ್ಬಳಿಗೆ ಕಂಡಿತು. ಬೆರಳಿನಿಂದ ಬರೆದು ತಿಳಿಸುವಷ್ಟು ಸಮಯವಿರಲಿಲ್ಲ. ಮೈಕು ತೆರೆದು ಹೇಳಿದಳು. ಗಾಡಿ ಸುಟ್ಟ ಮೇಲೆ ಚನ್ನು ಕೇಳಿದ.

"ಇಷ್ಟ ದಿನ ಯಾಕ ಮಾತಾಡಿಲ್ಲರೀ ಅಕ್ಕಾ? ನಾವು ಮುಕ್ಕುಂದ ಅಂದ್ರ ಯಾವನೋ ಮೂಗ ಅದಾನ ಅನ್ಕೊಂಡಿದ್ವಿ."

ಅಷ್ಟೇ. ಅವಳು ಯಾರ ಹೆಂಡತಿ, ಎಷ್ಟು ವಯಸ್ಸು ಎಂದು ಅವರು ಕೇಳಲಿಲ್ಲ. ಸಾಮಾನು ಎಷ್ಟು ಉಳಿದಿದೆ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು. ಮನೆಯಲ್ಲಿ ಏನು ಯಾವಾಗ ಮುಗಿಯುತ್ತದೆಂದು ಮೊದಲೇ ತಿಳಿಯುವುದು ಅವಳಿಗೆ ಹೊಸದಾಗಿರಲಿಲ್ಲ. ಆದರೆ ಅದು ತಿಳಿದದ್ದಕ್ಕೆ ಭೇಷ್ ಅನ್ನಿಸಿಕೊಂಡದ್ದು ಹೊಸದು.

ಒಂದು ಪಂದ್ಯಕ್ಕೆ ಒಂದು ಗಂಟೆಯ ಮೇಲೆ ಬೇಕು. ಅದನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಲಾರಿ ನಿಂತರೆ ಮುಂದಿದ್ದವರ ಗುಂಡು ಖಾಲಿಯಾಗುತ್ತದೆ. ಹಾಗಾಗಿ ಅವಳು ಅತ್ತೆ ಆದೆಮ್ಮನಿಗೆ ಒಂದು ಸುಳ್ಳು ಹೇಳಿದಳು. ಸರಕಾರದ ಸರ್ವರ್ ದಿನವೆಲ್ಲ ಗದ್ದಲದಲ್ಲಿರುತ್ತದೆ, ಎರಡರಿಂದ ಮೂರೂಕಾಲರವರೆಗೆ ಮಾತ್ರ ಖಾಲಿ, ಉಳಿದ ಅರ್ಜಿಗಳನ್ನೆಲ್ಲ ಆಗಲೇ ಕಳಿಸಬೇಕು, ನಡುವೆ ಎದ್ದರೆ ಮತ್ತೆ ಮೊದಲಿನಿಂದ ತುಂಬಬೇಕು ಎಂದಳು. ಅಷ್ಟರಮಟ್ಟಿಗೆ ಸರ್ವರಿನ ಮರ್ಜಿ ಆ ಮನೆಗೆ ಗೊತ್ತಿತ್ತು. ಯಾರೂ ಎದುರು ಮಾತಾಡಲಿಲ್ಲ.

ಅವತ್ತಿನಿಂದ ಆದೆಮ್ಮ ಕಾವಲಿಗೆ ಕೂತಳು. ಅರವತ್ತಾರು ವರ್ಷದ ಹೆಂಗಸು, ಮೊಣಕಾಲು ನೋವು. ಮೊದಲು ಎರಡು ಗಂಟೆಗೆ ಉಂಡು ಅಡ್ಡಾಗುತ್ತಿದ್ದವಳು ಈಗ ಕಟ್ಟೆಯ ಮೇಲೆ ಕೂತು, ಬಂದವರಿಗೆ ಒಳಗೆ ಸರಕಾರದ ಕೆಲಸ ನಡೆದಿದೆ ಎಂದು ಹೇಳಿ ಕಳಿಸುತ್ತಿದ್ದಳು. ಉಂಡ ಪಾತ್ರೆಗಳನ್ನು ತಾನೇ ತೊಳೆದಿಟ್ಟಳು, ಒಣಗಿದ ಬಟ್ಟೆ ತಂದು ಮಡಚಿದಳು. ಮಾನಪ್ಪ ಮಧ್ಯಾಹ್ನ ಗಿರಣಿಯಿಂದ ಬಂದು ಉಂಡು ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತಿದ್ದ. ಆ ನಿದ್ದೆಗೆ ಹದಿನೇಳು ವರ್ಷದಲ್ಲಿ ಯಾವ ಸರ್ವರಿನ ನೆವವೂ ಬೇಕಾಗಿರಲಿಲ್ಲ.

ಮೂರೂಕಾಲಕ್ಕೆ ಹೊರಬಂದಾಗ ಮಡಚಿಟ್ಟ ಬಟ್ಟೆಯ ಗುಡ್ಡೆ ನೋಡಿ ಶಿವಲಿಂಗಮ್ಮ, ಇಂದು ಹೇಳುತ್ತೇನೆ ಎಂದುಕೊಳ್ಳುವಳು. ಹೇಳಿದರೆ ಆ ಹೊತ್ತು ಹೋಗುತ್ತದೆ ಎಂದು ಸುಮ್ಮನಾಗುವಳು. ನಾಲ್ಕು ತಿಂಗಳು ಹೀಗೇ ನಡೆಯಿತು.

ಅವಳು ಎಣಿಸದೆ ಇದ್ದದ್ದು ಒಂದೇ. ಆದೆಮ್ಮ ಆ ಮಾತನ್ನು ಪೂರ್ತಿ ನಂಬಿದ್ದಳು, ನಂಬಿ ನಾಲ್ಕು ಊರಿಗೆ ಹೇಳಿದ್ದಳು.

ಫೆಬ್ರವರಿಯ ಒಂದು ಮಂಗಳವಾರ. ಪಂದ್ಯ ಶುರುವಾಗಿ ಕಾಲು ಗಂಟೆ ಕಳೆದಿತ್ತು. ಚನ್ನುವಿನ ಗುಂಪು ಇಟ್ಟಿಗೆ ಭಟ್ಟಿಯಂಥ ಜಾಗವೊಂದನ್ನು ಹಿಡಿದು ಕುಳಿತಿತ್ತು. ಸುತ್ತ ಶತ್ರುಗಳು. ಹಿಂದಿನ ದಾರಿ ಒಂದೇ ತೆರೆದಿತ್ತು, ಅದರಲ್ಲಿ ಶಿವಲಿಂಗಮ್ಮನ ಲಾರಿ ಬರುತ್ತಿತ್ತು. ಆಗ ನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರೋ ಬಾಗಿಲು ಬಡಿದರು.

ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ಮತ್ತೆ ಬಡಿದರು. ಲಾರಿಯನ್ನು ಬಂಡೆಯ ಮರೆಗೆ ನಿಲ್ಲಿಸಿ ಎದ್ದು ಬಾಗಿಲು ತೆರೆದಳು. ಆದೆಮ್ಮ ನಿಂತಿದ್ದಳು, ಹಿಂದೆ ಐದು ಜನ ಹೆಂಗಸರು. ಮುಂದಿದ್ದವಳು ದಢೇಸುಗೂರಿನ ಶೇಖಮ್ಮ, ಅತ್ತೆಯ ಕಡೆಯ ಸಂಬಂಧಿ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಆಧಾರ್ ಕಾರ್ಡು, ಮಕ್ಕಳ ಅಂಕಪಟ್ಟಿ. ಹೆಣ್ಣುಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕಡೆಯ ದಿನ.

"ಎರಡಕ್ಕ ಬಂದ್ರ ಒಂದ ಹೊಡತಕ್ಕ ಹೋಗ್ತೈತಿ ಅಂತ ನಾನ ಹೇಳಿದ್ದೆ," ಅಂದಳು ಆದೆಮ್ಮ. ದನಿಯಲ್ಲಿ ಹೆಮ್ಮೆಯಿತ್ತು. "ಮೂರಕ್ಕ ಇವರ ಬಸ್ಸು. ಒಂದೀಟು ಹಾಕಿಕೊಡವ್ವಾ."

ಅವರು ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಬೆಳಿಗ್ಗೆಯೇ ಬಂದಿದ್ದರೆ ಬೆಳಿಗ್ಗೆಯೇ ಆಗುತ್ತಿದ್ದ ಕೆಲಸ. ಎರಡು ಗಂಟೆಯೆಂಬ ಮಾತಿಗಾಗಿ ಬಸ್ ನಿಲ್ದಾಣದಲ್ಲಿ ಹನ್ನೊಂದರಿಂದ ಕಾದು ಕುಳಿತಿದ್ದರು.

ಶೇಖಮ್ಮ ಬಾಗಿಲಿನಿಂದ ಒಳಗೆ ಇಣುಕಿ ನೋಡಿದಳು. ಪರದೆಯ ತುಂಬ ಹುಲ್ಲು, ಹೊಗೆ. ಮೇಜಿನಂಚಿಗೆ ತೂಗಿದ ಹೆಡ್‌ಫೋನಿನಿಂದ ಗುಂಡಿನ ಸದ್ದು ಸಣ್ಣಗೆ ಬರುತ್ತಿತ್ತು.

"ಇದೇನಬೇ, ಒಳಗ ಲಡಾಯಿ ನಡದೈತಿ?"

"ದುರುಗೇಶನ ವಿಡಿಯೋ ಇರಬೇಕು," ಎಂದಳು ಆದೆಮ್ಮ.

ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅತ್ತೆಯೇ ನೆವವನ್ನು ಹುಡುಕಿ ಕೈಗಿಟ್ಟಿದ್ದಳು. ಶಿವಲಿಂಗಮ್ಮ ಅವಳ ಕೈ ನೋಡಿದಳು. ಮೊಣಕೈಯವರೆಗೂ ಪಾತ್ರೆ ತಿಕ್ಕಿದ ಸಾಬೂನಿನ ನೊರೆ ಇನ್ನೂ ಅಂಟಿತ್ತು.

"ವಿಡಿಯೋ ಅಲ್ಲತ್ತಿ. ಆಟ. ನಾನ ಆಡಾಕತ್ತಿದ್ದೆ."

"ಇವತ್ತು?"

"ದಿನಾ. ಸರ್ವರ್ ಎರಡಕ್ಕ ಖಾಲಿ ಇರಂಗಿಲ್ಲ. ನಾ ಸುಳ್ಳು ಹೇಳಿದ್ದೆ."

ಶೇಖಮ್ಮ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಶಿವಲಿಂಗಮ್ಮ ಒಳಗೆ ಹೋಗಿ ಮೈಕಿನಲ್ಲಿ ಹೇಳಿದಳು, "ಚನ್ನು, ಲಾರಿ ಬಂಡೆಗಲ್ಲಿನ ಹಿಂದ ನಿಂದ್ರಿಸೀನಿ. ಯಾರರ ಬಂದು ತೊಗೊಂಡು ಹೋಗ್ರಿ. ಇವತ್ತ ನನ್ನ ಕೈಲೆ ಆಗಂಗಿಲ್ಲ." ಉತ್ತರಕ್ಕೆ ಕಾಯದೆ ಇನ್ನೊಂದು ಕಂಪ್ಯೂಟರಿನ ಮುಂದೆ ಕೂತಳು. ಐದು ಅರ್ಜಿ ತುಂಬಿದಳು. ನಡುನಡುವೆ ಹೆಡ್‌ಫೋನಿನಿಂದ ಮಹಮ್ಮದಸಾಬನ ದನಿ ಬಂತು, ಗುಂಡು ಮುಗಿದವು ಅಕ್ಕಾ ಎಂದು. ಆಮೇಲೆ ಅದೂ ನಿಂತಿತು. ಮೂರಕ್ಕೆ ಹತ್ತು ನಿಮಿಷವಿರುವಾಗ ಹೆಂಗಸರು ಬಸ್ಸಿಗೆ ಹೊರಟರು. ಭಟ್ಟಿ ಕೈತಪ್ಪಿ ಹೋಗಿತ್ತು. ಆದೆಮ್ಮ ಕಟ್ಟೆಯ ಮೇಲೆ ಇರಲಿಲ್ಲ.

ಸಂಜೆ ಹಿತ್ತಿಲಲ್ಲಿ ಅತ್ತೆ ಸೊಸೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತರು. ಅರ್ಧ ಕಟ್ಟು ಮುಗಿಯುವವರೆಗೆ ಆದೆಮ್ಮ ತಲೆ ಎತ್ತಲಿಲ್ಲ. ನಾಲ್ಕು ತಿಂಗಳು ತಾನು ಕಣ್ಣು ಮುಚ್ಚಿಲ್ಲ, ಮೊಣಕಾಲು ಹಿಡಿದುಕೊಂಡು ಕಟ್ಟೆ ಕಾದಿದ್ದೇನೆ, ನೆಂಟರ ಮುಂದೆ ಮುಖ ಇಲ್ಲದಂತಾಯಿತು ಎಂದು ಒಂದೊಂದೇ ಎಲೆ ಕಿತ್ತಂತೆ ಹೇಳಿದಳು. ಶಿವಲಿಂಗಮ್ಮ ಸಮಜಾಯಿಷಿ ಕೊಡಲು ಹೋಗಲಿಲ್ಲ. ಎಲ್ಲವೂ ನಿಜವಾಗಿತ್ತು.

ಇನ್ನೊಂದು ಕಟ್ಟು ಬಿಚ್ಚುತ್ತ ಆದೆಮ್ಮ ಕೇಳಿದಳು. "ಆ ಲಡಾಯಿಯೊಳಗ ನೀ ಏನು ಮಾಡ್ತಿ? ಮಂದೀನ ಹೊಡೀತಿಯೇನು?"

"ಇಲ್ಲ. ಲಾರಿ ಹೊಡೀತೀನಿ. ಮುಂದಿದ್ದವರಿಗೆ ಸಾಮಾನು ಮುಟ್ಟಿಸ್ತೀನಿ."

"ಅಲ್ಲೀನೂ ಅದ ಚಾಕರಿ ಏನಬೇ? ಮನ್ಯಾಗ ಮಾಡಿದ್ದು ಸಾಲದಾಗೈತೇನು?"

ಶಿವಲಿಂಗಮ್ಮನಿಗೆ ನಗು ಬಂತು, ಆದರೆ ನಗಲಾಗಲಿಲ್ಲ. "ಅಲ್ಲಿ ಹಿಡಿದ ಕೆಲಸ ಮುಗಿಯೋತನಕ ಯಾರೂ ನಡುವ ಕರಿಯಂಗಿಲ್ಲತ್ತಿ," ಎಂದಳು.

ಆದೆಮ್ಮ ಕೈಯಲ್ಲಿದ್ದ ದಂಟನ್ನು ನೋಡುತ್ತ ಕೂತಳು. ಅವಳು ಹದಿನಾಲ್ಕನೆಯ ವಯಸ್ಸಿಗೆ ಈ ಮನೆಗೆ ಬಂದವಳು. ದಂಟನ್ನು ಬದಿಗೆಸೆದು, "ನಾಳಿಯಿಂದ ನಾ ಬಾಗಲಾ ಕಾಯಂಗಿಲ್ಲ," ಎಂದಳು. "ಎರಡಕ್ಕ ನಾನೂ ಮಲ್ಕೋತೀನಿ. ಪಾತ್ರಿ, ಭಾಂಡೆ ಮುಟ್ಟಂಗಿಲ್ಲ. ನಿನ್ನ ಬಾಗಲಾ ನೀ ನೋಡ್ಕೋ. ಮಾನಪ್ಪಗ ನೀನ ಹೇಳು."

ಮರುದಿನ ಊಟಕ್ಕೆ ಬಡಿಸುತ್ತ ಶಿವಲಿಂಗಮ್ಮ ಗಂಡನಿಗೆ ಹೇಳಿದಳು. ಎರಡರಿಂದ ಮೂರೂಕಾಲರವರೆಗೆ ತಾನು ಆಟ ಆಡುತ್ತೇನೆ, ಆ ಹೊತ್ತಿನಲ್ಲಿ ಕರೆಯಬೇಡಿರಿ ಎಂದಳು. ಮಾನಪ್ಪ ತುತ್ತು ನಿಲ್ಲಿಸಿ ತಾಯಿಯ ಕಡೆ ನೋಡಿದ. ಇಷ್ಟು ವಯಸ್ಸಿಗೆ ಆಟವೇನು, ಕೇಳಿದವರು ನಗುತ್ತಾರೆ, ಅಂಗಡಿಯ ಗತಿ ಏನು ಎಂದ. ತಾಯಿ ತನ್ನ ಪಾಡಿಗೆ ಮಜ್ಜಿಗೆ ಕುಡಿದು ಎದ್ದು, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ತೊಳೆಯದ ಪಾತ್ರೆಗಳು ಬಚ್ಚಲಲ್ಲಿ ಉಳಿದವು.

ಶಿವಲಿಂಗಮ್ಮ ಕೋಣೆಗೆ ಹೋಗಿ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿಕೊಂಡೇ ಕೂತಳು. ಚನ್ನು ನಿನ್ನೆಯ ಮಾತು ಎತ್ತಲಿಲ್ಲ. ಅಕ್ಕ ಬಂದಾರ, ಲಾರಿ ಬಿಡ್ರಿ ಎಂದಷ್ಟೇ ಹೇಳಿದ. ಅವಳು ಸಾಮಾನು ತುಂಬಿಸಿ ಹೊರಟಳು. ಕಾಡು, ಕಲ್ಲು ದಾರಿ, ಬಲಕ್ಕೆ ಒಣಗಿದ ಹಳ್ಳ. ಇಪ್ಪತ್ತು ನಿಮಿಷವಾಗಿರಬಹುದು. ಹಿಂದೆ ಬಾಗಿಲು ಸದ್ದಾಯಿತು.

"ಏ, ಕುಡಿಯಾಕ ನೀರು ಕೊಡು," ಎಂದ ಮಾನಪ್ಪ.

ಮುಂದೆ ಗುಡ್ಡದ ಆಚೆ ಅವಳ ಲಾರಿಗಾಗಿ ಎಂಟು ಜನ ಕಾದಿದ್ದರು. ಅವಳು ತಿರುಗಲಿಲ್ಲ. "ಮೂರೂಕಾಲಕ್ಕ ಬರ್ತೀನಿ," ಎಂದಳು.

ಅವನು ನಿಂತೇ ಇದ್ದ. ಅವನ ಉಸಿರು ಅವಳ ತೆರೆದ ಕಿವಿಗೆ ಕೇಳುತ್ತಿತ್ತು. ಬೈಯುತ್ತಾನೆ ಎಂದುಕೊಂಡಳು, ವೈರು ಕೀಳುತ್ತಾನೆ ಎಂದುಕೊಂಡಳು. ಲಾರಿಯನ್ನು ಏರಿನ ಕಡೆ ತಿರುಗಿಸಿದಳು. ಕೊನೆಗೆ ಹೆಜ್ಜೆಗಳು ಒಳಗೆ ಹೋದವು. ಆತ ತಾಯಿಯನ್ನು ಕರೆದ. ಆದೆಮ್ಮ ಎಚ್ಚರವಿದ್ದಳೋ ಇಲ್ಲವೋ, ಉತ್ತರ ಬರಲಿಲ್ಲ. ಅಡುಗೆಮನೆಯಲ್ಲಿ ತಂಬಿಗೆಯೊಂದು ಉರುಳಿದ ಸದ್ದಾಯಿತು, ಆಮೇಲೆ ಕೊಡದಿಂದ ನೀರು ಬಗ್ಗಿಸಿಕೊಂಡ ಸದ್ದು. ಶಿವಲಿಂಗಮ್ಮ ಸರಿಸಿದ್ದ ಹೆಡ್‌ಫೋನನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡು, ಇನ್ನು ಎರಡು ನಿಮಿಷ, ಬರಾಕತ್ತೀನಿ ಎಂದು ಚನ್ನುವಿಗೆ ಹೇಳಿದಳು.