ತಿರುಗಿ ಮಾಡಬಾರದ ನಂಬರು

ಹೋದ ವಾರ ಇಂಡಿ ಕಡೆಯ ನಮ್ಮ ಗಣಿತದ ಮಾಸ್ತರು ಕೈಚೀಲದ ತುಂಬ ನಿಂಬೆಹಣ್ಣು ತಂದು ಸ್ಟಾಫ್ ರೂಮಿನ ಮೇಜಿನ ಮೇಲೆ ಸುರಿದರು. ತಮ್ಮ ತೋಟದ್ದು, ಬೇಕಾದಷ್ಟು ಒಯ್ಯಿರಿ ಎಂದರು. ಒಂದನ್ನು ಕೈಗೆತ್ತಿಕೊಂಡು, ಏನೂ ಯೋಚಿಸದೆ, ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಗೀರಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುದ್ದೇಬಿಹಾಳ ತಾಲ್ಲೂಕಿನ ಈ ಹೈಸ್ಕೂಲು, ತಿದ್ದಬೇಕಿದ್ದ ಪತ್ರಿಕೆಗಳ ಕಟ್ಟು ಎಲ್ಲ ಮರೆತೇಹೋಯಿತು. ಸಿಂದಗಿಯ ಆ ಕೋಣೆ, ಎದುರಿಗೆ ಅಕ್ಕೋರು...

ಸಿಂದಗಿ ಬಸ್ ನಿಲ್ದಾಣದ ಹಿಂದೆ ಕಿರಾಣಿ ಅಂಗಡಿಯೊಂದರ ಮೇಲಿದ್ದ ಎರಡು ಕೋಣೆಗಳೇ ನಮ್ಮ ಕಚೇರಿ. ಮಕ್ಕಳ ಸಹಾಯವಾಣಿಗೆ ಸುತ್ತಲಿನ ನಾಲ್ಕು ತಾಲ್ಲೂಕಿನಿಂದ ಬರುವ ಕರೆಗಳನ್ನು ಅಲ್ಲಿ ಎತ್ತುತ್ತಿದ್ದೆವು. ನಾನಾಗ ಡಿಗ್ರಿ ಮುಗಿಸಿ, ಬಿ.ಎಡ್. ಸೀಟು ಸಿಗುವ ತನಕ ಮನೆಯಲ್ಲಿ ಕುಳಿತು ಬೈಸಿಕೊಳ್ಳುವುದು ಬೇಡವೆಂದು ಸೇರಿಕೊಂಡಿದ್ದೆ. ಅಕ್ಕೋರು ಅಲ್ಲಿಗೆ ಹಿರಿಯರು. ಮೊದಲು ಬಾಲವಾಡಿ ನಡೆಸಿದವರಾದ್ದರಿಂದ ಸಣ್ಣವರು, ದೊಡ್ಡವರು, ಪೊಲೀಸರು ಕೂಡ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಹೊರ್ತಿಯಲ್ಲಿ ಅವರಣ್ಣನ ನಿಂಬೆ ತೋಟವಿತ್ತು. ಪ್ರತಿ ಸೋಮವಾರ ಬರುವಾಗ ವಾರಕ್ಕಾಗುವಷ್ಟು ಹಣ್ಣು ತರುತ್ತಿದ್ದರು. ತಿನ್ನಲಿಕ್ಕಲ್ಲ, ಗೀರಲಿಕ್ಕೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಆ ಕಡೆಯ ಮಗು ಹೇಳುತ್ತಾ ಹೋದಂತೆ ಸಿಪ್ಪೆಯ ಮೇಲೆ ಉಗುರಿನ ಗುರುತು ಏಳುತ್ತಾ ಹೋಗುತ್ತಿತ್ತು. ಯಾಕೆಂದು ಒಮ್ಮೆ ಕೇಳಿದ್ದೆ.

"ಸಿಟ್ಟು ಬರತೈತಿ ತಂಗಿ. ಬಾಯಿ ಬಿಟ್ರ ಕೂಸು ಅಂಜತೈತಿ. ಅದಕ್ಕ ಉಗುರಿಗೆ ಕೆಲಸಾ ಕೊಟ್ಟೇನಿ" ಎಂದಿದ್ದರು.

ಸಂಜೆ ಆ ಹಣ್ಣುಗಳನ್ನು ನೋಡಿದರೆ ಆ ದಿನ ಎಂಥದೆಂದು ತಿಳಿಯುತ್ತಿತ್ತು. ಕೆಲವು ದಿನ ಸಿಪ್ಪೆಯೇ ಉಳಿದಿರುತ್ತಿರಲಿಲ್ಲ.

ಏನಾಯಿತು ಎಂದು ಅವರು ಎಂದೂ ಮೊದಲಿಗೆ ಕೇಳಿದವರಲ್ಲ. "ಊಟಾ ಆತೇನವಾ?" ಎಂದು ಶುರು ಮಾಡುತ್ತಿದ್ದರು. ಆಮೇಲೆ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳುತ್ತಿದ್ದರು. ಮಾತು ಮುಗಿಯುವಾಗ, ಫೋನಿನಿಂದ ಈ ನಂಬರ್ ಅಳಿಸಿಬಿಡು ಎಂದು ಹೇಳಿಕೊಡುತ್ತಿದ್ದರು. ಫೋನಿನ ಪಕ್ಕದ ಗೋಡೆಗೆ, ತಮ್ಮ ಬಾಲವಾಡಿಯ ದುಂಡು ಅಕ್ಷರದಲ್ಲಿ ಬರೆದ ಒಂದು ಚೀಟಿ ಅಂಟಿಸಿದ್ದರು: 'ತಿರುಗಿ ಮಾಡಬ್ಯಾಡ್ರಿ.' ಮಗುವಿನ ಕರೆ ನಡುವೆ ತುಂಡಾದರೆ ನಾವು ಆ ನಂಬರಿಗೆ ಫೋನ್ ಮಾಡಕೂಡದು. ಫೋನು ಮಗುವಿನದಲ್ಲ, ಅಪ್ಪನದೋ, ಕಾಕಾನದೋ ಆಗಿರುತ್ತದೆ. ಎತ್ತುವವರು ಯಾರೋ! ಮಗು ಮತ್ತೆ ಮಾಡಿದಾಗ ಎತ್ತುವುದಷ್ಟೇ ನಮ್ಮ ಕೆಲಸ. ಸೇರಿದ ಮೊದಲ ದಿನವೇ ಅವರು ನನಗೆ ಇದನ್ನು ಮೂರು ಸಲ ಹೇಳಿದ್ದರು.

ಆ ವರ್ಷ ಹೂವಿನ ಹಿಪ್ಪರಗಿಯ ಆಚೆ ಎಲ್ಲಿಂದಲೋ ಒಬ್ಬ ಹುಡುಗಿ ಫೋನ್ ಮಾಡತೊಡಗಿದಳು. ಒಂಬತ್ತನೇ ಇಯತ್ತೆಯವಳು. ಅಪ್ಪ ಹೊಲದಿಂದ ಬಂದು, ಉಂಡು, ಅಡ್ಡಾದ ಮೇಲೆ, ಮಧ್ಯಾಹ್ನ ಒಂದೂವರೆ ಹೊತ್ತಿಗೆ ಅವನದೇ ಫೋನಿನಿಂದ. ಸೋದರಮಾವನಿಗೆ ಕೊಡುವುದೆಂದು ನಿಶ್ಚಯವಾಗಿದೆ, ಮುಂದಿನ ತಿಂಗಳು ಅಕ್ಷತೆ ಎಂದಳು. ಊರಿನ ಹೆಸರು, ಅಪ್ಪನ ಹೆಸರು ಮಾತ್ರ ಹೇಳಲೊಲ್ಲಳು. "ನಮ್ಮಪ್ಪಗ ಜೇಲಿಗೆ ಹಾಕ್ತೀರೇನ್ರಿ?" ಎಂದು ಅಳುತ್ತಿದ್ದಳು. ಪೊಲೀಸರಿಗೆ ನಂಬರ್ ಕೊಟ್ಟು ಊರು ಪತ್ತೆ ಮಾಡಿಸಬಹುದಿತ್ತು. ಅಕ್ಕೋರು ಬೇಡವೆಂದರು. ಇನ್ನೂ ದಿನವಿದೆ, ಜೀಪು ಮೊದಲು ಹೋದರೆ ಹುಡುಗಿ ಅಂಜಿ ಎಲ್ಲವನ್ನೂ ಇಲ್ಲವೆನ್ನುತ್ತಾಳೆ, ಅವಳಾಗಿಯೇ ಹೇಳಲಿ ಎಂದು ಕಾದರು. ನಾಲ್ಕನೆಯ ಕರೆಯಲ್ಲಿ ಅವಳು, ನಾಳೆ ಖರೇನೇ ಹೇಳುತ್ತೇನೆ ಎಂದಳು.

ಆ ನಾಳೆಯೇ ಅಕ್ಕೋರು ಕಚೇರಿಯಲ್ಲಿರಲಿಲ್ಲ. ಝಳಕಿಯ ಹತ್ತಿರ ಹೆದ್ದಾರಿಯಲ್ಲಿ ಒಂಟಿಯಾಗಿ ಸಿಕ್ಕಿದ್ದ ಮಗುವೊಂದನ್ನು ಕರೆತರಲು ಹೋಗಿದ್ದರು. ಒಂದೂವರೆಗೆ ಫೋನ್ ಬಂತು. "ಅಕ್ಕೋರ ಇಲ್ಲೇನ್ರಿ?" ಎಂದಳು ಹುಡುಗಿ. ನನಗೇ ಹೇಳವ್ವಾ ಎಂದೆ. "ನಮ್ಮೂರು..." ಎಂದಳು. ಅಷ್ಟಕ್ಕೇ ಕರೆ ತುಂಡಾಯಿತು.

ಹತ್ತು ನಿಮಿಷ ಕಾದೆ. ಹದಿನೈದು ನಿಮಿಷ ಕಾದೆ. ಎದುರಿಗೇ ಅಕ್ಕೋರ ಚೀಟಿ ಇತ್ತು; ಅದನ್ನು ಓದಿಯೂ ಓದದವಳಂತೆ ಆ ನಂಬರ್ ಒತ್ತಿದೆ. ಗಂಡಸಿನ ದನಿ ಬಂತು. ಮಾತಾಡದೆ ಇಟ್ಟುಬಿಟ್ಟೆ. ಅಷ್ಟಕ್ಕೇ ನಿಂತಿದ್ದರೆ ರಾಂಗ್ ನಂಬರ್ ಎಂದು ಹೋಗುತ್ತಿತ್ತೋ ಏನೋ. ಮರುಕ್ಷಣವೇ ನಮ್ಮ ಫೋನು ರಿಂಗಾಯಿತು. ಹುಡುಗಿಯೇ ಇರಬೇಕೆಂದು ಎತ್ತಿದೆ. ದಿನಕ್ಕೆ ಐವತ್ತು ಸಲ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿ ಬಾಯಿಂದ ಬಂತು: "ನಮಸ್ಕಾರ, ಮಕ್ಕಳ ಸಹಾಯವಾಣಿ."

ಆ ಕಡೆಯಿಂದ ಒಂದು ಉಸಿರು ಕೇಳಿಸಿತು, ಕರೆ ನಿಂತಿತು. ಅದು ಹುಡುಗಿಯ ಉಸಿರಾಗಿರಲಿಲ್ಲ.

ಸಂಜೆ ಅಕ್ಕೋರು ಬಂದಾಗ ಅಳುತ್ತಲೇ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಹಣ್ಣನ್ನು ಅವರ ಉಗುರು ಒಳಗಿನ ತೊಳೆಯವರೆಗೂ ಸೀಳಿತು. "ನೀರ ಕುಡಿ. ಪೊಲೀಸ್ ಸ್ಟೇಷನ್ನಿಗೆ ಹೋಗೂಣು ನಡಿ" ಎಂದರಷ್ಟೇ.

ಪೊಲೀಸರು ಊರು ಪತ್ತೆ ಮಾಡುವಷ್ಟರಲ್ಲಿ ಮರುದಿನದ ಮಧ್ಯಾಹ್ನವಾಗಿತ್ತು. ನಾವು ಹೋದಾಗ ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಶೇಂಗಾ ಸುಲಿಯುತ್ತಾ ಕುಳಿತಿದ್ದಳು.

"ನಿನ್ನಿ ಸಂಜೀಕ ಎಲ್ಲಾರೂ ಟಂಟಂ ಹತ್ತಿ ಹ್ವಾದ್ರು. ಮಹಾರಾಷ್ಟ್ರದಾಗ ಬೀಗರ ಊರಾಗ ಲಗ್ನ ಮಾಡತಾರಂತ. ಅವಸರದ ಲಗ್ನ" ಎಂದಳು. ಆಮೇಲೆ ಒಳಗೆ ಹೋಗಿ ನೀಲಿ ಬಣ್ಣದ ಶಾಲೆಯ ಚೀಲವೊಂದನ್ನು ತಂದು ತೋರಿಸಿದಳು. "ಹುಡುಗಿ ನನ್ನ ಕೈಯಾಗ ಕೊಟ್ಟ ಹ್ವಾದ್ಲು. ಆಯೀ, ಬಂದ ಒಯ್ತೇನಿ, ಯಾರಿಗೂ ಕೊಡಬ್ಯಾಡ ಅಂದಾಳು."

ನಾನು ಚೀಲಕ್ಕೆ ಕೈ ಚಾಚಿದೆ. ಅಕ್ಕೋರು ತಡೆದರು. "ಇಲ್ಲೇ ಇರಲಿ. ಅಕಿ ಬಂದ ಕೇಳತಾಳ."

ಹುಡುಗಿ ಸಿಗಲಿಲ್ಲ. ಗಡಿಯಾಚೆಗೆ ಕಾಗದಗಳು ಹೋದವು, ಅಲ್ಲಿಂದ ಕಾಗದಗಳೇ ಬಂದವು. ತಿಂಗಳಾದ ಮೇಲೆ ತಂದೆ-ತಾಯಿ ಮರಳಿ ಬಂದು, ಮಗಳು ಸಂಬಂಧಿಕರ ಮನೆಯಲ್ಲಿ ಓದುತ್ತಿದ್ದಾಳೆ ಎಂದು ಬರೆದುಕೊಟ್ಟರಂತೆ. ನಮ್ಮ ವರದಿಯಲ್ಲಿ ಹೀಗೇಕಾಯಿತು ಎಂದು ಬರೆಯುವ ಕಡೆ ನನ್ನ ಹೆಸರು ಇರುತ್ತದೆಂದು ಹೆದರಿದ್ದೆ. ಅಕ್ಕೋರು ಅಲ್ಲಿ, 'ಆ ಹೊತ್ತಿನಲ್ಲಿ ನಾನು ಕಚೇರಿಯಲ್ಲಿರಲಿಲ್ಲ' ಎಂದು ಬರೆದು ತಮ್ಮ ಸಹಿ ಹಾಕಿದ್ದರು. ಅಂದಿನಿಂದ ಒಂದೂವರೆ ಹೊತ್ತಿಗೆ ಅವರು ಎಲ್ಲಿಗೂ ಹೋಗಲಿಲ್ಲ. ರೊಟ್ಟಿಯ ಬುತ್ತಿಯನ್ನೂ ಫೋನಿನ ಮುಂದೆಯೇ ಬಿಚ್ಚುತ್ತಿದ್ದರು. ಬೇರೆ ಮಕ್ಕಳ ಕರೆಗಳು ಬಂದವು. ಎಷ್ಟೋ ಮಕ್ಕಳನ್ನು ಅಕ್ಕೋರು ಕಾಪಾಡಿದರು, ನನ್ನ ಕಣ್ಣಾರೆ ನೋಡಿದ್ದೇನೆ. ಆದರೆ ಆ ಹುಡುಗಿ ಮತ್ತೆ ಮಾಡಲಿಲ್ಲ.

ನನಗೆ ಬಿ.ಎಡ್. ಸೀಟು ಸಿಕ್ಕಿತು, ಬಿಟ್ಟು ಬಂದೆ. ಕೆಲವು ವರ್ಷಗಳಲ್ಲಿ ನಮ್ಮ ಆ ಎರಡು ಕೋಣೆಗಳೂ ಮುಚ್ಚಿದವು. ಅಕ್ಕೋರು ಹೊರ್ತಿಯ ಅಣ್ಣನ ಮನೆ ಸೇರಿದರು. ಯುಗಾದಿಗೋ ದೀಪಾವಳಿಗೋ ಮಾತಾಡುತ್ತಿದ್ದೆವು, ಅವರೇ ಮಾಡುತ್ತಿದ್ದರು. ನನಗೆ ಅಂದಿನಿಂದ ಒಂದು ರೋಗ ಅಂಟಿಕೊಂಡಿದೆ. ಯಾರ ಕರೆ ತಪ್ಪಿದರೂ ತಿರುಗಿ ಮಾಡಲು ಬೆರಳು ಏಳುವುದಿಲ್ಲ. ಇದೆಂಥ ಸೊಕ್ಕು ಎಂದು ಗಂಡ ರೇಗುತ್ತಾನೆ, ತವರಿನವರು ಮುನಿಸಿಕೊಂಡಿದ್ದಾರೆ. ಬೇಕಾದರೆ ಮತ್ತೆ ಮಾಡುತ್ತಾರೆ ಬಿಡಿ ಎಂದು ಬಾಯಿ ಮುಚ್ಚಿಸುತ್ತೇನೆ.

ಹೋದ ವರ್ಷ ಶ್ರಾವಣದಲ್ಲಿ ಪಾಠ ಮುಗಿಸಿ ಬಂದು ನೋಡಿದರೆ ಅಕ್ಕೋರ ಕರೆ ಬಂದು ಹೋಗಿತ್ತು. ಹೊತ್ತು ಒಂದೂವರೆ. ನೋಡಿದೆ, ಇಟ್ಟೆ. ಮತ್ತೆ ಮಾಡುತ್ತಾರೆ ಎಂದುಕೊಂಡೆ...

ಎಂಟು ದಿನ ಬಿಟ್ಟು ಅದೇ ನಂಬರಿನಿಂದ ಅವರಣ್ಣ ಮಾಡಿದರು. ಅಕ್ಕೋರು ಹೋಗಿ ಮೂರು ದಿನವಾಗಿತ್ತು. ಎದೆನೋವೆಂದು ಕುಳಿತವರು ಏಳಲೇ ಇಲ್ಲವಂತೆ.

ಹೊರ್ತಿಗೆ ಹೋದೆ. ಅಣ್ಣ ಅವರ ಕೋಣೆ ತೆರೆದು ತೋರಿಸಿದರು. ಮೊಳೆಗೆ ಆ ನೀಲಿ ಚೀಲ ತೂಗುತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಝಳಕಿ ಬಸ್ ಸ್ಟ್ಯಾಂಡಿನ್ಯಾಗ ಯಾವಕೋ ಹುಡುಗಿ ಇಕಿ ದನಿ ಕೇಳಿ ಗುರುತ ಹಿಡದು ಭೆಟ್ಟಿ ಆಗಿದ್ಲಂತ್ರಿ. ಮರುದಿನಾನ ನಮ್ಮ ತಂಗಿ ಎಲ್ಲಿಗೋ ಹೋಗಿ ಈ ಚೀಲಾ ತಂದ್ಲು. ಅಕಿಗೆ ಮುಟ್ಟಿಸಬೇಕು, ನಿಮ್ಮನ್ನೂ ಕರಕೊಂಡು ಹೋಗಬೇಕು ಅಂತಿದ್ಲು. ನಿಮಗ ಫೋನ್ ಮಾಡಿದ್ಲಲ್ರಿ?" ಎಂದರು.

"ಹುಡುಗಿ ಊರ ಯಾವುದಂತ್ರಿ?" ಎಂದೆ.

"ನಮಗ ಹೇಳಿಲ್ರಿ. ಮಂದಿ ಮಕ್ಕಳ ಮಾತು ಮನ್ಯಾಗ ಆಡತಿರಲಿಲ್ಲ ಅಕಿ."

ಅಕ್ಕೋರ ಫೋನಿನಲ್ಲಿ ಹುಡುಕಿದೆ. ಮನೆಯವರ ನಂಬರುಗಳು, ನನ್ನದು, ಅಷ್ಟೇ. ಉಳಿದದ್ದನ್ನು ಅವರು ಮಕ್ಕಳಿಗೆ ಹೇಳಿಕೊಡುತ್ತಿದ್ದ ಹಾಗೆಯೇ ಅಳಿಸಿದ್ದರು. ಹೂವಿನ ಹಿಪ್ಪರಗಿಯ ಕಡೆಗೂ ಹೋಗಿಬಂದೆ. ಹುಡುಗಿಯ ಮನೆಯವರು ಎಲ್ಲ ಮಾರಿಕೊಂಡು ಹೋಗಿದ್ದರು, ಮುದುಕಿಗೆ ನೆನಪು ನಿಲ್ಲುತ್ತಿರಲಿಲ್ಲ.

ಚೀಲ ಈಗ ನಮ್ಮ ಮನೆಯಲ್ಲಿದೆ. ಒಳಗೆ ಒಂಬತ್ತನೆಯ ಇಯತ್ತೆಯ ವಿಜ್ಞಾನದ ಪುಸ್ತಕ. ನಾನು ಈಗ ಅದೇ ತರಗತಿಗೆ ಪಾಠ ಮಾಡುತ್ತೇನೆ, ಪುಸ್ತಕ ಬದಲಾಗಿದೆ. ಹೊರಗಿನ ಜೇಬಿನಲ್ಲಿ ನಾಲ್ಕು ನಿಂಬೆಹಣ್ಣು ಒಣಗಿ ಕಲ್ಲಾಗಿದ್ದವು. ಹುಡುಗಿಗೆ ಕೊಡಲೆಂದು ಅಕ್ಕೋರು ಇಟ್ಟದ್ದಿರಬೇಕು. ಒಂದರ ಮೇಲೂ ಉಗುರಿನ ಗುರುತಿರಲಿಲ್ಲ. ಹಾಗಾದರೆ ಹುಡುಗಿ ಸುಖವಾಗಿಯೇ ಇರಬೇಕು ಎಂದು ಅಂದುಕೊಳ್ಳಲು ನೋಡುತ್ತೇನೆ. ಕೆಲವು ದಿನ ಮನಸ್ಸು ಕೇಳುತ್ತದೆ, ಬಹಳ ದಿನ ಕೇಳುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಗಂಟೆ ಬಾರಿಸಿದಾಗ ನನ್ನ ಕೈಯಲ್ಲಿದ್ದ ಹಣ್ಣಿನ ಸಿಪ್ಪೆ ಅರ್ಧ ಹೋಗಿತ್ತು. ಯಾರ ಮೇಲೆ ಸಿಟ್ಟು ಟೀಚರ್ ಎಂದು ಗಣಿತದ ಮಾಸ್ತರು ನಕ್ಕರು. ನಾನೂ ನಕ್ಕೆ. ಆ ಚೀಲ ಯಾರಿಗೆ ಮುಟ್ಟಬೇಕೆಂದು ನನಗೆ ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಗೊತ್ತಿದ್ದವರು ಒಮ್ಮೆ ಫೋನ್ ಮಾಡಿದ್ದರು, ನಾನು ತಿರುಗಿ ಮಾಡಲಿಲ್ಲ.